ಜೇನುತುಪ್ಪ ಸಗಟಾಗಿ ಕೊಂಡು ಮನೆಯಲ್ಲಿಡುವುದು ಹೇಗೆ?

ಜೇನುತುಪ್ಪ ಎಷ್ಟು ವರ್ಷ ಇಟ್ಟರೂ ಕೆಡುವುದಿಲ್ಲ ಎಂಬ ನಂಬಿಕೆಯಲ್ಲಿ ಇಪ್ಪತ್ತು, ಮೂವತ್ತು ಕಿಲೊ ಒಟ್ಟಿಗೆ ತರಿಸುವವರಿದ್ದಾರೆ. ಈ ನಂಬಿಕೆಗೆ ಆಧಾರವಿದೆ. ಒಳ್ಳೆಯ ತುಪ್ಪದಲ್ಲಿ ಶೇ 80ರಷ್ಟು ಸಕ್ಕರೆಗಳೇ ಇರುತ್ತವೆ. ನೀರು ಶೇ 17–18 ಮಾತ್ರ. ಜೊತೆಗೆ ಅದು ಆಮ್ಲೀಯ, ಪಿಎಚ್ ಸರಾಸರಿ 3.9. ಇಂಥ ಕಡೆ ಬಹುತೇಕ ಸೂಕ್ಷ್ಮಜೀವಿಗಳು ಬೆಳೆಯಲಾರವು. ಆದರೆ ನೀರಿನಂಶ ಶೇ 2–3ರಷ್ಟು ಏರಿದರೆ ಸಾಕು, ಈ ಕಾವಲು ಸಡಿಲವಾಗುತ್ತದೆ. ಬಿಸಿಗೆ ಸಿಕ್ಕಿದ ತುಪ್ಪ ಹುಳಿಯದೇ ಇರಬಹುದು, ಆದರೆ ಅದರ ಪರಿಮಳ ಮತ್ತು ಕಿಣ್ವಗಳು ಹೋಗಿಬಿಡುತ್ತವೆ. ಸಣ್ಣ ಬಾಟಲಿ ಒಂದೆರಡು ತಿಂಗಳಲ್ಲಿ ಮುಗಿಯುವುದರಿಂದ ಇವು ಯಾವುವೂ ನಮ್ಮ ಗಮನಕ್ಕೆ ಬರುವುದಿಲ್ಲ. ಬಕೆಟ್‌ಗಟ್ಟಲೆ ಇಡುವವರಿಗೆ ಮಾತ್ರ ಇದು ದೊಡ್ಡ ನಷ್ಟ.

ಹಾಗಾಗಿ ಮೊದಲೇ ನನ್ನ ಖಚಿತ ಸಲಹೆ ಹೇಳಿಬಿಡುತ್ತೇನೆ: ಎಷ್ಟು ಬೇಕಾದರೂ ಕೊಳ್ಳಿ, ಆದರೆ ಮನೆಗೆ ಬಂದ ಒಂದೆರಡು ದಿನಗಳಲ್ಲೇ ಅದನ್ನು ಚಿಕ್ಕ ಜಾಡಿಗಳಿಗೆ ಹಂಚಿ ಮುಚ್ಚಿಡಿ. ಮುಂದಿನ ಹಂತಗಳೆಲ್ಲ ಈ ಒಂದು ಕೆಲಸದ ಸುತ್ತಲೇ ಇವೆ.

ಎಷ್ಟು ಬೇಕೆಂದು ಲೆಕ್ಕ ಹಾಕಿ

ಒಂದು ಟೀ ಚಮಚ ತುಪ್ಪ ಸುಮಾರು 7 ಗ್ರಾಂ ತೂಗುತ್ತದೆ, ಊಟದ ದೊಡ್ಡ ಚಮಚ ಸುಮಾರು 21 ಗ್ರಾಂ. ನಾಲ್ಕು ಜನರ ಮನೆಯಲ್ಲಿ ತಲೆಗೆ ದಿನಕ್ಕೊಂದು ಟೀ ಚಮಚದಂತೆ ಬಳಸಿದರೆ ವರ್ಷಕ್ಕೆ ಹತ್ತು ಕಿಲೊ ಸಾಕು. ದೊಡ್ಡ ಚಮಚದ ಲೆಕ್ಕವಾದರೆ ಮೂವತ್ತು ಕಿಲೊ ಬೇಕು. ಒಂದು ವರ್ಷ, ಹೆಚ್ಚೆಂದರೆ ಎರಡು ವರ್ಷಕ್ಕೆ ಬೇಕಾದಷ್ಟನ್ನು ಮಾತ್ರ ಕೊಳ್ಳುವುದು ಜಾಣತನ. ತಂಪಾದ ಜಾಗವೇ ಇಲ್ಲದ ಮನೆಯಾದರೆ ಆರು ತಿಂಗಳಿಗೆ ಸಾಕಾಗುವಷ್ಟು ಕೊಳ್ಳಿ.

ಬೆಲೆ ಹೋಲಿಸುವಾಗ ಲೀಟರ್ ಮತ್ತು ಕಿಲೊ ನಡುವಿನ ವ್ಯತ್ಯಾಸ ನೆನಪಿರಲಿ. ತುಪ್ಪ ನೀರಿಗಿಂತ ಭಾರ. ಒಂದು ಲೀಟರ್ ಎಂದರೆ ಸುಮಾರು 1.4 ಕಿಲೊ. ಒಬ್ಬರು ಲೀಟರ್ ಲೆಕ್ಕದಲ್ಲಿ, ಇನ್ನೊಬ್ಬರು ಕಿಲೊ ಲೆಕ್ಕದಲ್ಲಿ ದರ ಹೇಳಿದರೆ ಎರಡನ್ನೂ ಕಿಲೊಗೆ ಇಳಿಸಿ ನೋಡಿ. 20 ಲೀಟರ್‌ನ ಬಕೆಟ್ ತುಂಬಿದರೆ 28 ಕಿಲೊ ಆಗುತ್ತದೆ. ಅದನ್ನು ಎತ್ತುವವರು ಯಾರು, ಎಲ್ಲಿಡುತ್ತೀರಿ ಎಂಬುದನ್ನೂ ಆಗಲೇ ಯೋಚಿಸಿಕೊಳ್ಳಿ.

ಮಾರುವವರನ್ನು ಏನು ಕೇಳಬೇಕು?

ಮನೆಯಲ್ಲೇ ಶುದ್ಧತೆ ಕಂಡುಹಿಡಿಯುವ ಉಪಾಯಗಳನ್ನು ದಯವಿಟ್ಟು ಬಿಟ್ಟುಬಿಡಿ. ನೀರಿನ ಲೋಟಕ್ಕೆ ಹನಿ ಹಾಕುವುದು, ಹೆಬ್ಬೆರಳಿನ ಮೇಲೆ ಇಟ್ಟು ನೋಡುವುದು, ಬತ್ತಿ ಅದ್ದಿ ಹೊತ್ತಿಸುವುದು, ಇವೆಲ್ಲ ಹೆಚ್ಚೆಂದರೆ ತುಪ್ಪ ಎಷ್ಟು ಮಂದವಾಗಿದೆ, ಎಷ್ಟು ನೀರಾಗಿದೆ ಎಂದು ತೋರಿಸುತ್ತವೆ. ಚೆನ್ನಾಗಿ ಕಾಯಿಸಿದ ಗಟ್ಟಿ ಸಕ್ಕರೆ ಪಾಕವೂ ಈ ಪರೀಕ್ಷೆಗಳಲ್ಲಿ ಪಾಸಾಗುತ್ತದೆ. ಕಲಬೆರಕೆ ಪತ್ತೆ ಮಾಡುವುದು ಪ್ರಯೋಗಾಲಯದ ಕೆಲಸ. ಕಬ್ಬು, ಮೆಕ್ಕೆಜೋಳದ ಸಕ್ಕರೆ ಬೆರೆಸಿದ್ದರೆ ಇಂಗಾಲದ ಐಸೋಟೋಪ್ ಪರೀಕ್ಷೆ ಹಿಡಿದುಕೊಡುತ್ತದೆ. ಅಕ್ಕಿ ಅಥವಾ ಬೀಟ್‌ನಿಂದ ತೆಗೆದ ಪಾಕ ಅದರ ಕಣ್ಣಿಗೂ ಮಣ್ಣೆರಚಬಲ್ಲದು. ಅದಕ್ಕೆ ಇನ್ನೂ ಸೂಕ್ಷ್ಮವಾದ ಪರೀಕ್ಷೆಗಳು ಬೇಕು. ಇಷ್ಟು ಕಷ್ಟದ ವಿಷಯವನ್ನು ಬೆಂಕಿಕಡ್ಡಿಯಿಂದ ತೀರ್ಮಾನಿಸಲು ಹೊರಟರೆ ಮೋಸ ಹೋಗುವವರು ನಾವೇ.

ಅದರ ಬದಲು ಪ್ರಶ್ನೆ ಕೇಳಿ. ಯಾವ ಹೂವಿನ ಕಾಲದ ತುಪ್ಪ? ಯಾವ ತಿಂಗಳು ತೆಗೆದದ್ದು? ಹುಳುಗಳು ಎರಿಗೆ ಮೇಣದ ಮುಚ್ಚಳ ಹಾಕಿದ ಮೇಲೆ ತೆಗೆದಿರಾ? ಬಿಸಿ ಮಾಡಿದ್ದೀರಾ, ಮಾಡಿದ್ದರೆ ಎಷ್ಟು ಡಿಗ್ರಿಗೆ? ಈ ಕಂತಿನ ಪರೀಕ್ಷಾ ವರದಿ ಇದೆಯೇ? ಮೇಣದ ಮುಚ್ಚಳದ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಮಕರಂದದ ನೀರನ್ನು ರೆಕ್ಕೆ ಬೀಸಿ ಆರಿಸಿ, ಸಾಕಷ್ಟು ಗಟ್ಟಿಯಾದ ಮೇಲಷ್ಟೇ ಹುಳುಗಳು ಕೋಶವನ್ನು ಮುಚ್ಚುತ್ತವೆ. ಅದಕ್ಕೂ ಮೊದಲೇ ಅವಸರಪಟ್ಟು ತೆಗೆದ ತುಪ್ಪ ಎಷ್ಟೇ ಶುದ್ಧವಾಗಿರಲಿ, ಬಹಳ ದಿನ ಬಾಳುವುದಿಲ್ಲ. ತಮ್ಮ ಪೆಟ್ಟಿಗೆಗಳ ಬಗ್ಗೆ ಕಾಳಜಿಯಿರುವ ಜೇನು ಕೃಷಿಕರು ಇಂಥ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ, ಖುಷಿಯಿಂದ ಉತ್ತರಿಸುತ್ತಾರೆ.

ಬಕೆಟ್ ಕೊಳ್ಳುವ ಮೊದಲು ಅದೇ ಕಂತಿನ ಒಂದು ಚಿಕ್ಕ ಬಾಟಲಿ ತಂದು ವಾರ ಕಾಲ ತಿಂದು ನೋಡಿ. ರುಚಿ ಹಿಡಿಸದ ತುಪ್ಪ ಇಪ್ಪತ್ತೆಂಟು ಕಿಲೊ ಮನೆಯಲ್ಲಿದ್ದರೆ ಏನು ಮಾಡುತ್ತೀರಿ?

ನೀರಿನಂಶ ಅಳೆಯಿರಿ

ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ತುಪ್ಪದಲ್ಲಿ ನೀರು ಸಾಮಾನ್ಯವಾಗಿ ಶೇ 20 ಮೀರಬಾರದು. ಅದು ಮಾರಾಟದ ಮಿತಿ. ಮನೆಯಲ್ಲಿ ದಾಸ್ತಾನು ಇಡಲು ಅಷ್ಟಿದ್ದರೆ ಸಾಲದು. ಸಕ್ಕರೆಯನ್ನು ಸಹಿಸಬಲ್ಲ ಯೀಸ್ಟ್‌ಗಳು ಎಲ್ಲ ತುಪ್ಪದಲ್ಲೂ ಇರುತ್ತವೆ. ನೀರು ಶೇ 17ಕ್ಕಿಂತ ಕಡಿಮೆಯಿದ್ದರೆ ಅವು ತೆಪ್ಪಗಿರುತ್ತವೆ, ಶೇ 19 ದಾಟಿದರೆ ಕೆಲಸ ಶುರುಮಾಡುತ್ತವೆ. ಶೇ 18 ಅಥವಾ ಅದಕ್ಕಿಂತ ಕಡಿಮೆ ಇರುವ ತುಪ್ಪವನ್ನೇ ಸಗಟಾಗಿ ಕೊಳ್ಳಿ. ಶೇ 19–20 ಇದ್ದರೆ ಸ್ವಲ್ಪವೇ ಕೊಂಡು ಬೇಗ ಮುಗಿಸಿ.

ಅಳೆಯಲು ರಿಫ್ರ್ಯಾಕ್ಟೋಮೀಟರ್ ಎಂಬ ಕೈಯಳತೆಯ ಉಪಕರಣ ಸಾಕು. ಪ್ರತಿವರ್ಷ ಸಗಟಾಗಿ ಕೊಳ್ಳುವವರು ಒಂದನ್ನು ಇಟ್ಟುಕೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಜೇನುತುಪ್ಪಕ್ಕೆಂದೇ ಮಾಡಿದ್ದನ್ನು ಕೇಳಿ ತೆಗೆದುಕೊಳ್ಳಿ. ಹಣ್ಣಿನ ರಸ ಅಳೆಯುವ ಉಪಕರಣದ ಮಾಪಕ ಇಷ್ಟು ಮೇಲಕ್ಕೆ ಹೋಗುವುದಿಲ್ಲ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸವರಿ, ಮುಚ್ಚಳ ಒತ್ತಿ, ಅರ್ಧ ನಿಮಿಷ ಬಿಟ್ಟು ಬೆಳಕಿನ ಕಡೆ ಹಿಡಿದು ಕಣ್ಣಿಟ್ಟರೆ ನೀಲಿ ಮತ್ತು ಬಿಳಿ ಭಾಗಗಳ ನಡುವೆ ಒಂದು ಗೆರೆ ಕಾಣುತ್ತದೆ. ಗೆರೆ ನಿಂತ ಅಂಕಿಯೇ ನೀರಿನಂಶ. ಗೆರೆ ಮಸುಕಾಗಿದ್ದರೆ ತುಪ್ಪದಲ್ಲಿ ಹರಳಿದೆ ಎಂದು ಅರ್ಥ. ಬೆಚ್ಚಗೆ ಮಾಡಿ ಪೂರ್ತಿ ಕರಗಿಸಿ, ಆರಿದ ಮೇಲೆ ಮತ್ತೆ ಅಳೆಯಬೇಕು. ಬಹಳ ದಿನ ನಿಂತ ಬಕೆಟ್‌ನಲ್ಲಿ ನೀರು ಹೆಚ್ಚಿರುವ ಭಾಗ ಮೇಲಕ್ಕೆ ಬಂದಿರುವ ಸಂಭವವಿದೆ. ಆದ್ದರಿಂದ ತಳದಿಂದ ಕಲಕಿ ಮಾದರಿ ತೆಗೆಯಿರಿ.

ಜಾಡಿ ಯಾವುದು?

ಗಾಜಿನದು ಎಲ್ಲಕ್ಕಿಂತ ಒಳ್ಳೆಯದು. ಆಹಾರಕ್ಕೆಂದೇ ಮಾಡಿದ ಎಚ್‌ಡಿಪಿಇ ಪ್ಲಾಸ್ಟಿಕ್ ಬಕೆಟ್, ಸ್ಟೇನ್‌ಲೆಸ್ ಸ್ಟೀಲ್ ಡಬ್ಬಿಗಳೂ ನಡೆಯುತ್ತವೆ. ಕಬ್ಬಿಣ, ಸತು ಲೇಪಿಸಿದ ತಗಡು, ತಾಮ್ರ, ಅಲ್ಯೂಮಿನಿಯಂ ಬೇಡ; ತುಪ್ಪದ ಆಮ್ಲ ಲೋಹವನ್ನು ತಿನ್ನುತ್ತದೆ. ಎಣ್ಣೆ, ಮಸಾಲೆ ಇಟ್ಟಿದ್ದ ಹಳೆಯ ಪ್ಲಾಸ್ಟಿಕ್ ಡಬ್ಬಿ ಎಷ್ಟು ತೊಳೆದರೂ ಬೇಡ, ತುಪ್ಪ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಮುಚ್ಚಳ ತಿರುಗಿಸಿ ಬಿಗಿಯುವಂಥದ್ದಾಗಿರಲಿ. ಅರ್ಧ ಕಿಲೊ ಅಥವಾ ಒಂದು ಕಿಲೊ ಹಿಡಿಯುವ ಜಾಡಿಗಳು ಅನುಕೂಲ.

ತುಂಬಿಸುವ ದಿನ

ಜಾಡಿಗಳನ್ನು ಹಿಂದಿನ ದಿನವೇ ತೊಳೆದು, ಕವುಚಿಟ್ಟು, ಒಂದು ತೊಟ್ಟೂ ನೀರಿಲ್ಲದಂತೆ ಒಣಗಿಸಿ. ಇದು ಅತಿ ಎಚ್ಚರಿಕೆ ಅನ್ನಿಸಿದರೆ ಈ ಲೆಕ್ಕ ನೋಡಿ: ಶೇ 18 ನೀರಿರುವ ಒಂದು ಕಿಲೊ ತುಪ್ಪಕ್ಕೆ ಎರಡು ಟೀ ಚಮಚ ನೀರು ಸೇರಿದರೆ ನೀರಿನಂಶ ಶೇ 18.8 ಆಗುತ್ತದೆ. ಅದೂ ಆ ನೀರು ಇಡೀ ಜಾಡಿಗೆ ಸಮನಾಗಿ ಬೆರೆತರೆ. ನಿಜದಲ್ಲಿ ಅದು ಬೆರೆಯದೆ ಒಂದೆಡೆ ನಿಂತು, ಅಷ್ಟು ಭಾಗವನ್ನು ತೆಳ್ಳಗಾಗಿಸುತ್ತದೆ. ಹುಳಿಯುವುದು ಅಲ್ಲಿಂದಲೇ ಶುರು. ಒದ್ದೆ ಚಮಚ ಅದ್ದಬಾರದು ಎನ್ನುವುದಕ್ಕೂ ಇದೇ ಕಾರಣ.

ಸೆಖೆಯ, ಮಳೆಯ ದಿನ ಈ ಕೆಲಸ ಇಟ್ಟುಕೊಳ್ಳಬೇಡಿ. ತುಪ್ಪ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಗಾಳಿಯ ಆರ್ದ್ರತೆ ಶೇ 60ಕ್ಕಿಂತ ಹೆಚ್ಚಿದ್ದಾಗ ತೆರೆದಿಟ್ಟ ಒಳ್ಳೆಯ ತುಪ್ಪವೂ ನೀರು ಕುಡಿಯತೊಡಗುತ್ತದೆ. ಒಣ ಹವೆಯ ದಿನ, ಫ್ಯಾನ್ ಆರಿಸಿ, ಜಾಡಿಗಳನ್ನು ಸಾಲಾಗಿ ಇಟ್ಟುಕೊಂಡು ಒಂದೇ ಬೈಠಕ್ಕಿನಲ್ಲಿ ಮುಗಿಸಿ. ಬಕೆಟ್‌ನ ಅಡಿಯಲ್ಲಿ ನಲ್ಲಿ ಇದ್ದರೆ ಕೆಲಸ ಸಲೀಸು. ಇಲ್ಲದಿದ್ದರೆ ಒಣಗಿದ ಸ್ಟೀಲ್ ಸೌಟು ಮತ್ತು ಅಗಲ ಬಾಯಿಯ ಲಾಳಿಕೆ ಬಳಸಿ. ಜಾಡಿಯನ್ನು ಸ್ವಲ್ಪ ವಾಲಿಸಿ, ಒಳಗೋಡೆಯ ಮೇಲೆ ಇಳಿಯುವಂತೆ ಬಿಟ್ಟರೆ ಗಾಳಿಗುಳ್ಳೆಗಳು ಕಡಿಮೆ ಸೇರುತ್ತವೆ. ಕಂಠದವರೆಗೂ ತುಂಬಿ, ಅಂಚು ಒರೆಸಿ, ಬಿಗಿಯಾಗಿ ಮುಚ್ಚಿ. ಮರುದಿನ ಮೇಲೆ ಬಿಳಿ ನೊರೆಯ ತೆಳು ಪದರ ಕಂಡರೆ ಅದು ಸಿಕ್ಕಿಕೊಂಡ ಗಾಳಿ; ಹೆದರಬೇಕಿಲ್ಲ.

ಪ್ರತಿ ಜಾಡಿಗೂ ಚೀಟಿ ಅಂಟಿಸಿ: ಹೂವು, ತೆಗೆದ ತಿಂಗಳು, ತುಂಬಿದ ದಿನ, ಅಳೆದ ನೀರಿನಂಶ. ಹಳೆಯದು ಮುಂದೆ, ಹೊಸದು ಹಿಂದೆ. ಒಂದು ಜಾಡಿ ಮುಗಿಯುವವರೆಗೆ ಇನ್ನೊಂದನ್ನು ತೆರೆಯಬೇಡಿ.

ಎಲ್ಲಿಡಬೇಕು?

ಕತ್ತಲಿರುವ, ತಂಪಾದ, ಒಣ ಜಾಗ. ಒಲೆಯ ಮೇಲಿನ ಕಪಾಟು ಕೈಗೆ ಹತ್ತಿರ ನಿಜ, ಆದರೆ ಮನೆಯಲ್ಲಿ ತುಪ್ಪಕ್ಕೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಶಾಖದಿಂದ ಆಗುವ ಹಾನಿಯನ್ನು ಎಚ್‌ಎಂಎಫ್ ಎಂಬ ರಾಸಾಯನಿಕದ ಪ್ರಮಾಣದಿಂದ ಅಳೆಯುತ್ತಾರೆ. ಕೋಡೆಕ್ಸ್ ಇದಕ್ಕೆ ಕಿಲೊಗೆ 40 ಮಿಲಿಗ್ರಾಂ, ಉಷ್ಣವಲಯದ ತುಪ್ಪಕ್ಕೆ 80 ಮಿಲಿಗ್ರಾಂ ಮಿತಿ ಹಾಕಿದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದು 40 ಮಿಲಿಗ್ರಾಂ ಮುಟ್ಟಲು ಹಲವು ತಿಂಗಳು ಬೇಕು, 40 ಡಿಗ್ರಿಯಲ್ಲಿ ಕೆಲವು ವಾರ, 60 ಡಿಗ್ರಿಯಲ್ಲಿ ಒಂದೆರಡು ದಿನ ಸಾಕು. 20 ಡಿಗ್ರಿಗಿಂತ ಕೆಳಗೆ ಇಡಲು ಸಾಧ್ಯವಾದರೆ ಉತ್ತಮ. ಇಲ್ಲವಾದರೆ ಬಿಸಿಲು ಬೀಳದ ಕೋಣೆಯಲ್ಲಿ, ನೆಲಕ್ಕೆ ಹತ್ತಿರದ ಕಪಾಟಿನಲ್ಲಿಡಿ. ಬಿಸಿಲು ತುಪ್ಪದ ಕಿಣ್ವಗಳನ್ನೂ ಹಾಳುಮಾಡುತ್ತದೆ, ಹಾಗಾಗಿ ಗಾಜಿನ ಜಾಡಿಗಳನ್ನು ರಟ್ಟಿನ ಪೆಟ್ಟಿಗೆಯೊಳಗಿಡಿ.

ಫ್ರಿಜ್ ಅಗತ್ಯವಿಲ್ಲ, ಅಲ್ಲಿ ತುಪ್ಪ ಬಿಗಿದುಕೊಂಡು ಚಮಚಕ್ಕೆ ಬರುವುದಿಲ್ಲ. ನೀರಿನಂಶ ಹೆಚ್ಚಿರುವ ತುಪ್ಪಕ್ಕೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ, ಏಕೆಂದರೆ 10 ಡಿಗ್ರಿಗಿಂತ ಕೆಳಗೆ ಯೀಸ್ಟ್ ಕೆಲಸ ನಿಲ್ಲಿಸುತ್ತದೆ. ಫ್ರೀಜರ್‌ನಲ್ಲಿ ಜಾಗವಿದ್ದರೆ ಹರಳುಗಟ್ಟುವುದೂ ನಿಲ್ಲುತ್ತದೆ, ಪರಿಮಳವೂ ಉಳಿಯುತ್ತದೆ.

ಗಟ್ಟಿಯಾದರೆ

ತುಪ್ಪ ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆ ಎಂದು ಅನುಮಾನಿಸುವವರು ಇಂದಿಗೂ ಬಹಳ. ತುಪ್ಪದಲ್ಲಿ ಸಹಜವಾಗಿ ಇರುವ ಗ್ಲೂಕೋಸ್ ಹೀಗೆ ಹರಳಾಗುತ್ತದೆ. ಗ್ಲೂಕೋಸ್ ಹೆಚ್ಚಿರುವ ಸೂರ್ಯಕಾಂತಿ, ಸಾಸಿವೆ ಜಾತಿಯ ಹೂಗಳ ತುಪ್ಪ ಕೆಲವೇ ವಾರಗಳಲ್ಲಿ ಗಟ್ಟಿಯಾಗುತ್ತದೆ. ಫ್ರಕ್ಟೋಸ್ ಹೆಚ್ಚಿರುವುದು ವರ್ಷ ಕಳೆದರೂ ನೀರಾಗಿಯೇ ಇರಬಲ್ಲದು. 14 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಈ ಕ್ರಿಯೆ ಅತಿ ವೇಗ.

ದೊಡ್ಡ ಬಕೆಟ್‌ನಲ್ಲೇ ಬಿಟ್ಟವರಿಗೆ ತೊಂದರೆ ಎದುರಾಗುವುದು ಇಲ್ಲಿ. ತಳದಲ್ಲಿ ಹರಳು ಕೂತು ಮೇಲೆ ತೆಳ್ಳನೆಯ ತುಪ್ಪ ನಿಲ್ಲುತ್ತದೆ. ಹರಳುಗಳು ಸ್ವಲ್ಪವೇ ನೀರನ್ನು ಹಿಡಿದುಕೊಳ್ಳುವುದರಿಂದ ಉಳಿದ ನೀರೆಲ್ಲ ಮೇಲಿನ ಭಾಗಕ್ಕೆ ಸೇರುತ್ತದೆ. ಕೊಂಡಾಗ ಶೇ 18 ಇದ್ದ ತುಪ್ಪದ ಮೇಲ್ಪದರ ಹೀಗೆ ಹುಳಿಯುವ ಮಟ್ಟಕ್ಕೆ ಬರುತ್ತದೆ. ಅದನ್ನು ಕರಗಿಸಲು ಹೊರಟರೆ 28 ಕಿಲೊ ಮುದ್ದೆಯ ನಡುವಿಗೆ ಶಾಖ ಇಳಿಯುವಷ್ಟರಲ್ಲಿ ಅಂಚಿನ ತುಪ್ಪ ಗಂಟೆಗಟ್ಟಲೆ ಬೆಂದಿರುತ್ತದೆ. ಒಂದು ಕಿಲೊ ಜಾಡಿಯಾದರೆ ಹಾಗಲ್ಲ. 40 ಡಿಗ್ರಿಯ ಬಿಸಿನೀರಿನ ಪಾತ್ರೆಯಲ್ಲಿ ಕತ್ತಿನವರೆಗೆ ಮುಳುಗಿಸಿಟ್ಟು, ಆಗಾಗ ನೀರು ಬದಲಿಸಿ ತಾಳ್ಮೆಯಿಂದ ಕಾದರೆ ಕರಗುತ್ತದೆ. ನೀರಿನಲ್ಲಿ ಕೈಯಿಟ್ಟು ಆರಾಮವಾಗಿ ಹಿಡಿಯಲು ಸಾಧ್ಯವಾಗಬೇಕು, ಅಷ್ಟೇ ಬಿಸಿ. ನೇರ ಉರಿಯ ಮೇಲೆ, ಮೈಕ್ರೊವೇವ್‌ನಲ್ಲಿ ಇಡಬೇಡಿ. ಬೇಕಾದ ಒಂದು ಜಾಡಿಯನ್ನಷ್ಟೇ ಕರಗಿಸಿ.

ಕರಗಿಸದೆಯೂ ತಿನ್ನಬಹುದು. ಹರಳು ಮರಳಿನಂತೆ ನಾಲಗೆಗೆ ಒರಟಾಗಿದ್ದರೆ ಅದನ್ನು ಬೆಣ್ಣೆಯಂತೆ ನುಣುಪಾಗಿಸುವ ವಿಧಾನವೂ ಇದೆ. ಕಾರ್ನೆಲ್ ವಿಶ್ವವಿದ್ಯಾಲಯದ ಎಲ್ಟನ್ ಡೈಸ್ 1935ರಲ್ಲಿ ಪೇಟೆಂಟ್ ಪಡೆದ ಕ್ರಮವೇ ಅದಕ್ಕೆ ಮೂಲ. ನುಣುಪಾಗಿ ಹರಳುಗಟ್ಟಿದ ತುಪ್ಪ ಒಂದು ಪಾಲು, ಕರಗಿದ ತುಪ್ಪ ಒಂಬತ್ತು ಪಾಲು ಬೆರೆಸಿ, ಗಾಳಿ ಸೇರದಂತೆ ಕಲಕಿ, 14 ಡಿಗ್ರಿಯಲ್ಲಿ ಒಂದು ವಾರ ಇಟ್ಟರೆ ಸಣ್ಣ ಸಣ್ಣ ಹರಳುಗಳಷ್ಟೇ ಬೆಳೆಯುತ್ತವೆ.

ಕೆಟ್ಟಿದೆಯೆಂದು ತಿಳಿಯುವುದು ಹೇಗೆ?

ಮುಚ್ಚಳ ಉಬ್ಬಿರುವುದು, ತೆರೆದಾಗ ಬುಸ್ ಎಂದು ಗಾಳಿ ಹೊರಬರುವುದು, ಒಳಗಿನಿಂದ ಏಳುತ್ತಲೇ ಇರುವ ನೊರೆ, ಹುಳಿ ಅಥವಾ ಹೆಂಡದಂಥ ವಾಸನೆ. ಈ ಲಕ್ಷಣ ಕಂಡ ಜಾಡಿಯನ್ನು ಉಳಿದವುಗಳಿಂದ ಬೇರೆ ಇಡಿ, ಅದೇ ಕಂತಿನ ಬೇರೆ ಜಾಡಿಗಳನ್ನೂ ಪರೀಕ್ಷಿಸಿ. ಈಗಷ್ಟೇ ಶುರುವಾಗಿದ್ದರೆ ಬೇಯಿಸುವ ಅಡುಗೆಗೆ ಬಳಸಿ ಮುಗಿಸಬಹುದು. ಬಣ್ಣ ಗಾಢವಾದದ್ದು ಕೆಟ್ಟಿದ್ದಲ್ಲ, ಹಳತಾಗಿದ್ದು.

ತುಪ್ಪ ಎಷ್ಟೇ ಒಳ್ಳೆಯದಿರಲಿ, ಒಂದು ವರ್ಷ ತುಂಬದ ಮಗುವಿಗೆ ನೆಕ್ಕಿಸಲೂಬಾರದು. ಅದರಲ್ಲಿರಬಹುದಾದ ಬಾಟುಲಿಸಂ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು. ಮನೆಯ ಬಿಸಿಗೆ ಆ ಬೀಜಾಣು ಸಾಯುವುದಿಲ್ಲ.

ಖಾಲಿಯಾದ ಬಕೆಟ್ ಅನ್ನು ಜೇನುಹುಳುಗಳು ನೆಕ್ಕಿಕೊಳ್ಳಲಿ ಎಂದು ಅಂಗಳದಲ್ಲಿ ತೆರೆದಿಡುವವರುಂಟು. ಉದ್ದೇಶ ಒಳ್ಳೆಯದೇ, ಆದರೆ ಹಾಗೆ ಮಾಡಬೇಡಿ. ಮರಿಹುಳುಗಳನ್ನು ಕೊಳೆಸುವ ಫೌಲ್‌ಬ್ರೂಡ್ ರೋಗದ ಬೀಜಾಣು ತುಪ್ಪದಲ್ಲಿ ವರ್ಷಗಟ್ಟಲೆ ಜೀವಂತವಾಗಿರುತ್ತದೆ. ಮನುಷ್ಯರಿಗೆ ಅದರಿಂದ ಏನೂ ಆಗದು, ಸುತ್ತಲಿನ ಗೂಡುಗಳು ಮಾತ್ರ ನಾಶವಾಗಬಹುದು. ಬಕೆಟ್ಟನ್ನು ಮನೆಯೊಳಗೇ ಬಿಸಿನೀರಿನಲ್ಲಿ ತೊಳೆದು, ಆ ನೀರನ್ನು ಬಚ್ಚಲಿಗೆ ಚೆಲ್ಲಿ, ಮುಂದಿನ ಕಂತಿಗೆ ಒಣಗಿಸಿಡಿ.