ಕೋಡ್ ಬಂತು ಅಂತ ಸೆನ್ಸಾರ್ ಬದಲಿಸಬೇಡಿ: ಎಬಿಎಸ್, ಇಎಸ್‌ಸಿ ಲೈಟಿನ ಮೂಲ ಹುಡುಕುವುದು ಹೇಗೆ

ಶಿವಮೊಗ್ಗದ ಸಾಗರ ರಸ್ತೆ ಕಡೆ ನನ್ನದೊಂದು ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ. 22 ವರ್ಷದಿಂದ ಇದೇ ಕೆಲಸ. ಪುನರ್ವಸು ಮಳೆ ಹಿಡಿಯಿತು ಅಂದರೆ ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಒಂದೇ ದೂರಿನ ಕಾರುಗಳು ಬರಲು ಶುರುವಾಗುತ್ತವೆ. 'ಅಣ್ಣಾ, ಮೀಟರಲ್ಲಿ ಹಳದಿ ಲೈಟ್ ಬಂದು ಕೂತಿದೆ, ಹೋಗ್ತಾನೇ ಇಲ್ಲ.' ನೋಡಿದರೆ ಎಬಿಎಸ್ ಲೈಟು, ಅಂದರೆ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ಕಾಯುವ ವ್ಯವಸ್ಥೆಯದು. ಪಕ್ಕದಲ್ಲೇ ಜಾರುವ ಕಾರಿನ ಚಿತ್ರ, ಹಿಂದೆ ಎರಡು ಅಂಕುಡೊಂಕು ಗೆರೆ. ಅದು ಇಎಸ್‌ಸಿ, ಅಂದರೆ ಕಾರು ಅಡ್ಡ ತಿರುಗದಂತೆ ಹಿಡಿಯುವ ವ್ಯವಸ್ಥೆ.

ಈ ಲೈಟು ಬಂದಾಗ ಜನ ಎರಡು ತಪ್ಪು ಮಾಡುತ್ತಾರೆ. ಕೆಲವರು 'ಬ್ರೇಕ್ ಹಿಡಿಯುತ್ತಲ್ಲ, ಇರ್ಲಿ ಬಿಡು' ಅಂತ ವರ್ಷಗಟ್ಟಲೆ ಓಡಿಸುತ್ತಾರೆ. ಇನ್ನು ಕೆಲವರು ಸ್ಕ್ಯಾನರ್ ಹಾಕಿಸಿ, ಅದರ ಕೋಡು, ಅಂದರೆ ದೋಷದ ಸಂಖ್ಯೆ, ತೋರಿಸಿದ ಸೆನ್ಸಾರನ್ನು ಆವತ್ತೇ ಬದಲಿಸಿ ದುಡ್ಡು ಕಳೆದುಕೊಳ್ಳುತ್ತಾರೆ. ಎರಡನೇ ತಪ್ಪನ್ನು ನಾನೂ ಮಾಡಿದ್ದೇನೆ. ಆ ಕಾರಿನ ಕಥೆ ಮುಂದೆ ಹೇಳುತ್ತೇನೆ.

ಕೆಲಸ ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದರೆ ಹುಡುಕುವುದು ಸುಲಭ. ನಾಲ್ಕೂ ಚಕ್ರದ ಹತ್ತಿರ ಒಂದೊಂದು ಸೆನ್ಸಾರ್ ಇರುತ್ತದೆ. ಚಕ್ರದ ಜೊತೆ ತಿರುಗುವ ಹಲ್ಲಿನ ರಿಂಗನ್ನೋ ಅಯಸ್ಕಾಂತದ ರಿಂಗನ್ನೋ ನೋಡುತ್ತಾ ಅದು ವೇಗ ಎಣಿಸುತ್ತದೆ. ಬ್ರೇಕ್ ತುಳಿದಾಗ ಒಂದು ಚಕ್ರ ಮಾತ್ರ ಥಟ್ಟನೆ ನಿಲ್ಲಲು ಹೊರಟರೆ, ಎಬಿಎಸ್ ನಡೆಸುವ ಕಂಟ್ರೋಲ್ ಯೂನಿಟ್ಟು ಆ ಚಕ್ರದ ಒತ್ತಡ ಬಿಟ್ಟು ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ಹಲವು ಸಲ ಹೀಗೆ ಮಾಡುತ್ತದೆ. ಇಎಸ್‌ಸಿ ಅದೇ ನಾಲ್ಕು ಎಣಿಕೆಯ ಜೊತೆ ಸ್ಟೀರಿಂಗ್ ಎಷ್ಟು ತಿರುಗಿದೆ, ಕಾರು ನಿಜವಾಗಿ ಎಷ್ಟು ತಿರುಗುತ್ತಿದೆ ಅನ್ನುವುದನ್ನೂ ನೋಡುತ್ತದೆ. ಎರಡೂ ಹೊಂದದಿದ್ದರೆ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುತ್ತದೆ. ನಮ್ಮಲ್ಲಿ ಏಪ್ರಿಲ್ 2019ರಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಹಾಗಾಗಿ ಸಣ್ಣ ಕಾರಿನವರೂ ಇದನ್ನು ತಿಳಿದಿರಬೇಕು.

ಮೊದಲು ಲೈಟನ್ನು ಸರಿಯಾಗಿ ನೋಡಿ

ಕೀ ಆನ್ ಮಾಡಿದಾಗ ಈ ಲೈಟುಗಳು ಎರಡು ಮೂರು ಸೆಕೆಂಡ್ ಉರಿದು ಆರಬೇಕು. ಅದು ಪರೀಕ್ಷೆ. ಹಳೇ ಕಾರು ಕೊಳ್ಳುವಾಗ ಇದನ್ನು ತಪ್ಪದೆ ನೋಡಿ. ಲೈಟ್ ಬರಲೇ ಇಲ್ಲ ಅಂದರೆ ಯಾರೋ ಬಲ್ಬನ್ನೇ ತೆಗೆದಿರಬಹುದು.

ಇಎಸ್‌ಸಿ ಲೈಟು ಓಡುವಾಗ ಮಿಣಮಿಣ ಮಾಡಿ ಆರಿದರೆ ಅದು ದೋಷ ಅಲ್ಲ, ಕೆಲಸ ಮಾಡುತ್ತಿದೆ ಅಂತ ಅರ್ಥ. ಮಳೆಯಲ್ಲಿ ಕೆಸರಿನ ಏರು ಹತ್ತುವಾಗ ಹೀಗಾಗುತ್ತದೆ. ಉರಿದೇ ಇದ್ದರೆ ದೋಷ. 'ಆಫ್' ಅಂತ ಬರೆದ ಲೈಟಾದರೆ, ಡ್ಯಾಶ್‌ಬೋರ್ಡಿನ ಬಟನ್ ಕೈತಪ್ಪಿ ಒತ್ತಿರಬಹುದು, ಅದನ್ನು ಮೊದಲು ನೋಡಿ.

ಹಳದಿ ಎಬಿಎಸ್ ಒಂದೇ ಬಂದರೆ ಮಾಮೂಲಿ ಬ್ರೇಕ್ ಇದ್ದೇ ಇರುತ್ತದೆ. ಚಕ್ರ ಲಾಕ್ ಆಗದಂತೆ ಕಾಯುವವರು ಮಾತ್ರ ಇಲ್ಲ. ಹಳದಿಯ ಜೊತೆ ಕೆಂಪು ಬ್ರೇಕ್ ಲೈಟೂ ಬಂದರೆ ವಿಷಯ ಬೇರೆ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯಾ, ಬ್ರೇಕ್ ಆಯಿಲ್ ಮಟ್ಟ ಸರಿ ಇದೆಯಾ ನೋಡಿ. ಎರಡೂ ಸರಿ ಇದ್ದೂ ಕೆಂಪು ಉಳಿದರೆ, ಮುಂದಿನ ಹಿಂದಿನ ಚಕ್ರಕ್ಕೆ ಬ್ರೇಕ್ ಬಲ ಹಂಚುವ ಕೆಲಸವೂ ನಿಂತಿರಬಹುದು. ಜೋರಾಗಿ ತುಳಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ಅಡ್ಡ ತಿರುಗುತ್ತದೆ. ಆ ಸ್ಥಿತಿಯಲ್ಲಿ ಘಾಟಿ ಇಳಿಯಬೇಡಿ. ಪೆಡಲ್ ಕೂಡ ಮೆತ್ತಗಾಗಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ, ಎಳೆಸಿಕೊಂಡು ಬನ್ನಿ.

ಇನ್ನೊಂದು ಸುಳಿವು ನನಗೆ ತುಂಬಾ ಸಮಯ ಉಳಿಸಿದೆ. ಎಬಿಎಸ್, ಇಎಸ್‌ಸಿ ಎರಡೂ ಒಟ್ಟಿಗೆ ಬಂದರೆ ಚಕ್ರದ ಕಡೆಯಿಂದಲೋ ಬ್ಯಾಟರಿ ಕಡೆಯಿಂದಲೋ ಶುರುಮಾಡಿ. ಇಎಸ್‌ಸಿ ಒಂದೇ ಬಂದಿದ್ದರೆ ಸ್ಟೀರಿಂಗ್ ಕಡೆ, ಬ್ರೇಕ್ ಪೆಡಲಿನ ಸ್ವಿಚ್ ಕಡೆ ನೋಡಿ. ಇಎಸ್‌ಸಿ ಜೊತೆ ಎಂಜಿನ್ ಲೈಟೂ ಇದ್ದರೆ ಮೊದಲು ಎಂಜಿನ್ ಕೋಡ್ ಓದಿ. ಕಾರು ಜಾರಿದಾಗ ಎಂಜಿನ್ನಿನ ಜೋರನ್ನೂ ಇಎಸ್‌ಸಿಯೇ ಇಳಿಸಬೇಕು. ಎಂಜಿನ್ನಿನಲ್ಲಿ ತೊಂದರೆ ಇದ್ದರೆ ಇಎಸ್‌ಸಿಯೂ ಸುಮ್ನೆ ಲೈಟ್ ಹಾಕಿ ಕೂತುಬಿಡುತ್ತದೆ.

ಖರ್ಚಿಲ್ಲದ ಪರೀಕ್ಷೆಗಳು

ಬ್ಯಾಟರಿಗೆ ಮೀಟರ್ ಇಡಿ. ರಾತ್ರಿ ನಿಂತ ಗಾಡಿಯಲ್ಲಿ 12.4ರಿಂದ 12.6 ವೋಲ್ಟ್, ಎಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ. ವೋಲ್ಟೇಜ್ ಕಡಿಮೆಯಾದರೆ ಎಬಿಎಸ್ ಯೂನಿಟ್ಟು ಬೇಗ ಮುನಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಶೆಡ್ಡಿನಲ್ಲೇ ನಿಂತ ಗಾಡಿಗಳಲ್ಲಿ ಅರ್ಧ ದೂರು ಬ್ಯಾಟರಿ ಚಾರ್ಜ್ ಮಾಡಿದ ಮೇಲೆ ಹೋಗಿಬಿಡುತ್ತದೆ.

ಆಮೇಲೆ ಒಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್ ತುಳಿಯಿರಿ. ಬ್ರೇಕ್ ಲೈಟ್ ಬರುತ್ತಾ? ಬಿಟ್ಟ ತಕ್ಷಣ ಆರುತ್ತಾ? ಪೆಡಲಿನ ಸ್ವಿಚ್ ಕೆಟ್ಟರೆ ಇಎಸ್‌ಸಿಗೆ ನೀವು ಬ್ರೇಕ್ ಹಿಡಿದದ್ದೇ ತಿಳಿಯುವುದಿಲ್ಲ. ಎಬಿಎಸ್ ಫ್ಯೂಸುಗಳನ್ನೂ ನೋಡಿ, ಒಂದಕ್ಕಿಂತ ಜಾಸ್ತಿ ಇರುತ್ತವೆ. ಬರೀ ಕಣ್ಣಲ್ಲಿ ನೋಡದೆ ಮೀಟರಿನಲ್ಲಿ ನೋಡಿ.

ಟೈರು ಮರೆಯಬೇಡಿ. ನಾಲ್ಕೂ ಒಂದೇ ಅಳತೆ ಇರಬೇಕು. ಸ್ಟೆಪ್ನಿ ಚಿಕ್ಕ ಸೈಜಿನದಾಗಿದ್ದು ಅದನ್ನೇ ತಿಂಗಳುಗಟ್ಟಲೆ ಓಡಿಸುವವರಿದ್ದಾರೆ. ಚಿಕ್ಕ ಚಕ್ರ ಅಷ್ಟೇ ದಾರಿಗೆ ಜಾಸ್ತಿ ಸುತ್ತು ಸುತ್ತುತ್ತದೆ. ಯೂನಿಟ್ಟಿಗೆ ಅದು ತಪ್ಪು ಲೆಕ್ಕ.

ಸ್ಕ್ಯಾನರ್ ಹೇಳುವುದು ಬೀದಿಯ ಹೆಸರು ಮಾತ್ರ

ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಮೊಬೈಲಿಗೆ ಬ್ಲೂಟೂತಿನಲ್ಲಿ ಸೇರುವ ಅಗ್ಗದ ಸಾಧನಗಳು ಬಹುಪಾಲು ಎಂಜಿನ್ ಕೋಡ್ ಮಾತ್ರ ಓದುತ್ತವೆ. 'ದೋಷ ಇಲ್ಲ' ಅಂತ ಅದು ಹೇಳಿದರೆ ನಂಬಬೇಡಿ, ಅದು ಎಬಿಎಸ್ ಯೂನಿಟ್ಟನ್ನು ಮಾತಾಡಿಸಿಯೇ ಇರುವುದಿಲ್ಲ. ಎಬಿಎಸ್ ಓದುವ ಸ್ಕ್ಯಾನರೇ ಬೇಕು. 'ಸಿ' ಅಕ್ಷರದಿಂದ ಶುರುವಾಗುವ ಕೋಡುಗಳು ಬ್ರೇಕು, ಸ್ಟೀರಿಂಗಿನ ಕಡೆಯವು. ಸಿ0035 ಅಂದರೆ ಸಾಮಾನ್ಯವಾಗಿ ಮುಂದಿನ ಎಡ ಚಕ್ರ, ಸಿ0040 ಮುಂದಿನ ಬಲ. ಕಂಪನಿಯಿಂದ ಕಂಪನಿಗೆ ಬದಲಾಗುವುದೂ ಉಂಟು. ಅಳಿಸುವ ಮೊದಲು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಕೋಡಿಗಿಂತ ನನಗೆ ಮುಖ್ಯ ಲೈವ್ ಡೇಟಾ. ನಾಲ್ಕೂ ಚಕ್ರದ ವೇಗ ಸ್ಕ್ರೀನಿನಲ್ಲಿ ಬರುತ್ತದೆ. ಪಕ್ಕದಲ್ಲಿ ಕೂತವರು ಸ್ಕ್ಯಾನರ್ ಹಿಡಿಯಲಿ, ನೀವು ನೇರ ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ ಹೋಗಿ. ನಾಲ್ಕೂ ಅಂಕಿ ಒಂದೇ ಥರ ಏರಿ ಇಳಿಯಬೇಕು. ಒಂದು ಸೊನ್ನೆಯಲ್ಲೇ ನಿಂತರೆ ಅಥವಾ ನಿಧಾನಕ್ಕೆ ಹೋಗುವಾಗ ಮಾತ್ರ ಬಿದ್ದುಹೋದರೆ ಚಕ್ರ ಯಾವುದು ಅಂತ ಗೊತ್ತಾಯಿತು. ತಿರುವಿನಲ್ಲಿ ಹೊರಗಿನ ಚಕ್ರ ಸಹಜವಾಗಿಯೇ ಜೋರಾಗಿ ತಿರುಗುತ್ತದೆ, ಅಲ್ಲಿನ ಅಂಕಿ ಹೋಲಿಸಬೇಡಿ.

ಈಗ ಆ ಕಾರಿನ ಕಥೆ. ಮೇಗರವಳ್ಳಿ ಕಡೆಯ ತೋಟದವರೊಬ್ಬರ ಗಾಡಿ. ಮುಂದಿನ ಎಡ ಸೆನ್ಸಾರ್ ಕೋಡ್ ಇತ್ತು. ನಾನು ಹೊಸ ಸೆನ್ಸಾರ್ ತರಿಸಿ ಹಾಕಿದೆ, ಲೈಟ್ ಹೋಯಿತು. ಎಂಟನೇ ದಿನಕ್ಕೆ ಗಾಡಿ ವಾಪಸ್ ಬಂತು. 'ಅಣ್ಣಾ, ಊರಲ್ಲಿ ಏನೂ ಇಲ್ಲ. ಆಗುಂಬೆ ಘಾಟಿ ಇಳಿಯುವಾಗ ಮೂರನೇ ತಿರುವಿಗೆ ಬಂತು ನೋಡಿ' ಅಂದರು. ಆಗುಂಬೆಯಲ್ಲಿ ಇರುವುದು 14 ಹಿಮ್ಮುರಿ ತಿರುವು. ಅಲ್ಲಿ ಮಾತ್ರ ಸ್ಟೀರಿಂಗ್ ಪೂರ್ತಿ ತಿರುಗುತ್ತದೆ. ನಾನು ಮೊದಲ ಸಲ ಎಲ್ಲವನ್ನೂ ಚಕ್ರ ನೇರ ಇಟ್ಟುಕೊಂಡೇ ನೋಡಿದ್ದೆ.

ಗಾಡಿ ಜಾಕಿಗೆ ಏರಿಸಿ ಸ್ಟೀರಿಂಗನ್ನು ಕೊನೆವರೆಗೆ ಬಲಕ್ಕೆ ತಿರುಗಿಸಿದೆ. ಟಾರ್ಚ್ ಬಿಟ್ಟು ಚಕ್ರದ ಹಿಂದೆ ನೋಡಿದರೆ ಸೆನ್ಸಾರಿನ ವೈರು ತಂತಿ ಬಿಗಿದ ಹಾಗೆ ಎಳೆದುಕೊಂಡಿತ್ತು. ವೈರನ್ನು ಹಿಡಿದಿರಬೇಕಾದ ರಬ್ಬರ್ ಕ್ಲಿಪ್ಪೇ ಇರಲಿಲ್ಲ. ಹಿಂದೆ ಎಲ್ಲೋ ಶಾಕ್ ಅಬ್ಸಾರ್ಬರ್ ಬಿಚ್ಚಿದವರು ಅದನ್ನು ತಿರುಗಿ ಹಾಕಿಲ್ಲ. ಪ್ರತಿ ತಿರುವಿನಲ್ಲೂ ವೈರು ಕಪ್ಲರನ್ನು (ಎರಡು ವೈರು ಸೇರಿಸುವ ಪ್ಲಗ್ಗನ್ನು) ಜಗ್ಗಿ ಜಗ್ಗಿ, ಕಪ್ಲರಿನ ಆಚೆ, ಬಾಡಿ ಕಡೆಯ ವೈರಿನ ಒಳಗೆ ತಾಮ್ರದ ಎಳೆ ತುಂಡಾಗಿತ್ತು. ಮೇಲಿನ ಪ್ಲಾಸ್ಟಿಕ್ ಹಾಗೇ ಇತ್ತು, ಒಂದು ಗೀರೂ ಇಲ್ಲ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿದೆ. ಒಂದು ಜಾಗದಲ್ಲಿ ಮಾತ್ರ ಹಸಿ ಬಳ್ಳಿಯ ಹಾಗೆ ಮೆತ್ತಗೆ ಬಾಗಿತು. ಸೀಳಿದಾಗ ಒಳಗೆ ಹಸಿರು ಪುಡಿ. ಅಷ್ಟು ಭಾಗ ಕತ್ತರಿಸಿ, ಹೊಸ ವೈರನ್ನು ಮೊದಲಿನಂತೆಯೇ ಹೊಸೆದು, ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಅಂಟಿನ ಸ್ಲೀವ್ ಏರಿಸಿದೆ. ಕ್ಲಿಪ್ ಹಾಕಿದೆ. ಅವರಿಂದ ತೆಗೆದುಕೊಂಡಿದ್ದ ಸೆನ್ಸಾರಿನ ದುಡ್ಡನ್ನು ವಾಪಸ್ ಕೊಟ್ಟೆ.

ಅಂದಿನಿಂದ ಚಕ್ರ ಗೊತ್ತಾದ ಮೇಲೆ ನಾನು ಹೀಗೆ ಮಾಡುತ್ತೇನೆ. ಮೊದಲು ತೊಳೆದು ಒರೆಸಿ ನೋಡುವುದು. ಗದ್ದೆಯ ಕೆಸರು, ಬ್ರೇಕ್ ಪ್ಯಾಡಿನ ಕಬ್ಬಿಣದ ಪುಡಿ ಸೆನ್ಸಾರಿನ ಮೂತಿಗೆ ಮೆತ್ತಿರುತ್ತದೆ. ಆಮೇಲೆ ವೈರನ್ನು ಮೂತಿಯಿಂದ ಕಪ್ಲರ್‌ವರೆಗೆ, ಅದರ ಆಚೆ ಬಾಡಿ ಕಡೆಗೂ ಬೆರಳಲ್ಲಿ ಸವರಿಕೊಂಡು ಹೋಗುವುದು. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಮತ್ತೊಮ್ಮೆ. ಇಲಿ ಕಡಿದದ್ದು ನಮ್ಮ ಕಡೆ ತುಂಬಾ ಸಾಮಾನ್ಯ, ಅಡಿಕೆ ಚೀಲ ಇಡುವ ಶೆಡ್ಡಿನಲ್ಲಿ ಗಾಡಿ ನಿಂತರಂತೂ ಕೇಳಬೇಡಿ. ಕಪ್ಲರ್ ಬಿಚ್ಚಿದಾಗ ಪಿನ್ ಮೇಲೆ ಕಿಲುಬು ಇದ್ದರೆ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಮೈಲುತುತ್ತದ ಕ್ಯಾನನ್ನು ಡಿಕ್ಕಿಯಲ್ಲಿ ಒಯ್ಯುವವರು ಚೆಲ್ಲದಂತೆ ನೋಡಿಕೊಳ್ಳಿ. ಅದು ಕಬ್ಬಿಣವನ್ನು ತಿನ್ನುತ್ತದೆ, ಹಿಂದಿನ ವೈರಿಂಗ್ ಕಪ್ಲರುಗಳನ್ನೂ ಬಿಡುವುದಿಲ್ಲ.

ಮೀಟರ್ ಇಡುವ ಮೊದಲು ಸೆನ್ಸಾರ್ ಯಾವ ಜಾತಿಯದು ತಿಳಿಯಿರಿ. ಹಳೇ ಕಾಯಿಲ್ ಮಾದರಿಯದು ಸಾಮಾನ್ಯವಾಗಿ 800ರಿಂದ 2000 ಓಮ್ ತೋರಿಸುತ್ತದೆ, ಚಕ್ರ ಕೈಯಲ್ಲಿ ತಿರುಗಿಸಿದರೆ ಸ್ವಲ್ಪ ಎಸಿ ವೋಲ್ಟೇಜ್ ಬರುತ್ತದೆ. ಹೊಸ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಒಳಗೆ ಚಿಪ್ ಇರುವ ಸೆನ್ಸಾರ್. ಅದಕ್ಕೆ ಓಮ್ ಇಟ್ಟು ಅಳೆಯಬೇಡಿ, ಹಾಳಾಗಬಹುದು. ಕೀ ಆನ್ ಮಾಡಿ ಬಾಡಿ ಕಡೆಯ ಕಪ್ಲರಿಗೆ ವೋಲ್ಟೇಜ್ ಬರುತ್ತಾ ಅಂತ ಮಾತ್ರ ನೋಡಿ.

ಬೇರಿಂಗ್ ಬದಲಿಸಿದ ಮೇಲೆ ಲೈಟ್ ಬಂದಿದ್ದರೆ ಬೇರಿಂಗನ್ನೇ ಅನುಮಾನಿಸಿ. ಈಗಿನ ಬಹಳಷ್ಟು ಬೇರಿಂಗಿನ ಒಂದು ಬದಿಯ ಸೀಲೇ ಅಯಸ್ಕಾಂತದ ರಿಂಗು. ಆ ಬದಿ ಸೆನ್ಸಾರಿನ ಕಡೆ ಇರಬೇಕು. ತಿರುಗಿಸಿ ಒತ್ತಿಬಿಟ್ಟರೆ ಚಕ್ರ ಚೆನ್ನಾಗಿಯೇ ಓಡುತ್ತದೆ, ಎಣಿಕೆ ಮಾತ್ರ ಸೊನ್ನೆ. ಹಾಕುವ ಮೊದಲು ಎರಡೂ ಬದಿಗೆ ಸಣ್ಣ ಪೇಪರ್ ಪಿನ್ ಮುಟ್ಟಿಸಿ, ಹಗುರವಾಗಿ ಅಂಟುವ ಬದಿಯೇ ರಿಂಗು. ಇಂಥದ್ದೊಂದು ಗಾಡಿಗೆ ಬೇರೆ ಕಡೆ 'ಎಬಿಎಸ್ ಯೂನಿಟ್ಟೇ ಹೋಗಿದೆ' ಅಂದಿದ್ದರು. ಅದು ಹತ್ತಾರು ಸಾವಿರದ ಮಾತು. ಯೂನಿಟ್ಟಿನ ಮೇಲೆ ತಪ್ಪು ಹೊರಿಸುವ ಮೊದಲು ಅದರ ಕರೆಂಟು, ಅರ್ತ್, ನಾಲ್ಕೂ ಚಕ್ರ ಎಲ್ಲ ಮುಗಿಸಿರಬೇಕು.

ಇಎಸ್‌ಸಿ ಒಂದೇ ಉರಿಯುತ್ತಿದ್ದರೆ

ಅಲೈನ್‌ಮೆಂಟ್ ಮಾಡಿಸಿದ ಮೇಲೆ, ಸ್ಟೀರಿಂಗ್ ಬಿಚ್ಚಿ ಹಾಕಿದ ಮೇಲೆ ಅಥವಾ ಬ್ಯಾಟರಿ ತೆಗೆದ ಮೇಲೆ ಬಂತಾ? ಹಾಗಾದರೆ ಸೆನ್ಸಾರ್ ಓದುವ ಸ್ಟೀರಿಂಗಿನ ಕೋನ ತಪ್ಪಿರಬಹುದು. ಸ್ಕ್ಯಾನರಿನಲ್ಲಿ ನೋಡಿ, ಕಾರು ನೇರ ಹೋಗುವಾಗ ಅದು ಸೊನ್ನೆಗೆ ಹತ್ತಿರ ಇರಬೇಕು. ಕೆಲವು ಕಾರಿಗೆ ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಸ್ವಲ್ಪ ದೂರ ನೇರ ಓಡಿಸಿದರೆ ಸಾಕು. ಇನ್ನು ಕೆಲವಕ್ಕೆ ಸ್ಕ್ಯಾನರಿನಿಂದಲೇ ಹೊಸದಾಗಿ ಕಲಿಸಬೇಕು. ಕಾರು ತಿರುಗುವುದನ್ನು ಅಳೆಯುವ ಸೆನ್ಸಾರ್ ಹಲವು ಗಾಡಿಗಳಲ್ಲಿ ಗೇರಿನ ಹತ್ತಿರ, ಕಾರ್ಪೆಟ್ ಕೆಳಗೆ ಇರುತ್ತದೆ. ಕಾರ್ಪೆಟ್ ಒದ್ದೆ ಇದ್ದು ಮುಗ್ಗಲು ವಾಸನೆ ಬಂದರೆ ಮೊದಲು ಅಲ್ಲಿ ಒಣಗಿಸಿ.

ದಾರಿಯಲ್ಲಿ, ಘಾಟಿಯಲ್ಲೇ ಲೈಟ್ ಬಂದರೆ ಗಾಬರಿ ಬೇಡ. ಜಾಗ ನೋಡಿ ನಿಲ್ಲಿಸಿ, ಕೀ ಆಫ್ ಮಾಡಿ ಮತ್ತೆ ಹಚ್ಚಿ ನೋಡಿ. ಉಳಿದರೆ ಎರಡನೇ ಗೇರಿನಲ್ಲಿ ಇಳಿಯಿರಿ, ಮುಂದಿನ ಗಾಡಿಗೆ ಎರಡು ಪಟ್ಟು ಅಂತರ ಬಿಡಿ. ಒದ್ದೆ ದರಗೆಲೆಯ ಮೇಲೆ ಒಮ್ಮೆಲೇ ತುಳಿಯಬೇಡಿ. ಚಕ್ರ ಜಾರಿದರೆ ಪೆಡಲ್ ಸ್ವಲ್ಪ ಬಿಟ್ಟು ಮತ್ತೆ ಹಿಡಿಯಿರಿ.

ದುರಸ್ತಿ ಆದ ತಕ್ಷಣ ಲೈಟ್ ಹೋಗದೇ ಇರಬಹುದು. ಕೆಲವು ಗಾಡಿಯಲ್ಲಿ ಚಕ್ರ ತಿರುಗಿ ವೇಗ 20 ದಾಟಿದ ಮೇಲೆಯೇ ಯೂನಿಟ್ಟಿಗೆ ನಂಬಿಕೆ ಬರುತ್ತದೆ. ಆಮೇಲೆ ಖಾಲಿ ನೇರ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು, 30ರ ವೇಗದಲ್ಲಿ ಒಮ್ಮೆ ಬಲವಾಗಿ ತುಳಿಯಿರಿ. ಪಾದದ ಕೆಳಗೆ ಪೆಡಲ್ ಗಡಗಡ ಅಂದರೆ ಎಬಿಎಸ್ ಬಂದಿದೆ.

ಮೇಗರವಳ್ಳಿ ಗಾಡಿಗೆ ನನಗೆ ಅಷ್ಟು ಸಾಲಲಿಲ್ಲ. ಮರುದಿನ ಬೆಳಿಗ್ಗೆ ಸ್ಕ್ಯಾನರ್ ತೊಡೆಯ ಮೇಲೆ ಇಟ್ಟುಕೊಂಡು ಅವರ ಪಕ್ಕದಲ್ಲಿ ಕೂತು ಘಾಟಿಯ ಕೆಳಗಿನ ಸೋಮೇಶ್ವರದವರೆಗೆ ಇಳಿದು ಮತ್ತೆ ಹತ್ತಿದೆ. ಮಂಜು ಎಷ್ಟಿತ್ತು ಅಂದರೆ ತಿರುವು ಬಂದದ್ದು ಸ್ಟೀರಿಂಗಿನಿಂದಲೇ ತಿಳಿಯುತ್ತಿತ್ತು. ಪ್ರತಿ ತಿರುವಿನಲ್ಲೂ ಮುಂದಿನ ಎಡ ಚಕ್ರದ ಅಂಕಿಯನ್ನೇ ನೋಡುತ್ತಿದ್ದೆ. ಒಮ್ಮೆಯೂ ಬೀಳಲಿಲ್ಲ.