18 ತುಂಬುವ ಮೊದಲೇ ಮನೆ ಬಿಟ್ಟರೆ ಕಾನೂನು ಏನು ಕೇಳುತ್ತದೆ?

“ನನಗೀಗ 16. ಬೇರೆ ಕಡೆ ಹೋಗಿ ಇದ್ದುಬಿಟ್ಟರೆ ಪೊಲೀಸರು ಹಿಡ್ಕೊಂಡು ಬರ್ತಾರಾ?” ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡುವವರನ್ನು ನಂಬಬೇಡಿ. ನೀವು ಕೇಳುವುದು “ಹೋಗಬಹುದಾ?” ಎಂದು. ಕಾನೂನು ಕೇಳುವುದು “ಹೋದ ಮೇಲೆ ಈ ಮಗುವಿನ ಹೊಣೆ ಯಾರದು?” ಎಂದು. ಅದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಸಲೀಸು. ಸಿಗದಿದ್ದರೆ ಹೋದಲ್ಲೆಲ್ಲ ತಕರಾರು.

16 ವರ್ಷದವರನ್ನು ಮಗು ಎಂದರೆ ಸಿಟ್ಟು ಬರುತ್ತದೆ, ಗೊತ್ತು. ಆದರೆ ಕಾನೂನಿನ ಪುಸ್ತಕದಲ್ಲಿರುವ ಪದ ಅದೇ.

1. ಮೊದಲು ನೀವಿರುವ ಕಡೆಯ ವಯಸ್ಸು ನೋಡಿಕೊಳ್ಳಿ

1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಪ್ರಕಾರ 18 ತುಂಬದವರು ಮಕ್ಕಳು. ದೇಶದ ಕಾನೂನು ಅದಕ್ಕಿಂತ ಮೊದಲೇ ವಯಸ್ಕರೆಂದು ಒಪ್ಪಿದ್ದರೆ ಮಾತ್ರ ಬೇರೆ. ಹೆಚ್ಚಿನ ದೇಶಗಳಲ್ಲಿ ಲೆಕ್ಕ 18ಕ್ಕೇ ನಿಂತಿದೆ. ಜಪಾನಿನಲ್ಲಿ 20 ಇದ್ದದ್ದು 2022ರ ಏಪ್ರಿಲ್‌ನಲ್ಲಿ 18ಕ್ಕೆ ಇಳಿಯಿತು. ಸ್ಕಾಟ್ಲೆಂಡಿನಲ್ಲಿ 16 ಆದವರು ತಾವೇ ಒಪ್ಪಂದಗಳಿಗೆ ಸಹಿ ಹಾಕಬಹುದು.

ಇಲ್ಲೊಂದು ಸಾಮಾನ್ಯ ತಪ್ಪು ಆಗುತ್ತದೆ. ಕೆಲಸಕ್ಕೆ ಸೇರುವ ವಯಸ್ಸು ಬೇರೆ, ಮದುವೆಯ ವಯಸ್ಸು ಬೇರೆ, ಪಾಲಕರ ಹೊಣೆ ಮುಗಿಯುವ ವಯಸ್ಸು ಬೇರೆ. “ಸಂಬಳ ತರ್ತಿದ್ದೀನಿ, ಹಾಗಾದ್ರೆ ಹೋಗಬಹುದು ಅಲ್ವಾ?” ಅಂದರೆ, ಇಲ್ಲ.

2. ಮನೆಯವರು ಒಪ್ಪಿದ್ದಾರೆಯೇ?

ಒಪ್ಪಿದ್ದರೆ ಅರ್ಧ ಕೆಲಸ ಮುಗಿಯಿತು. ಅಜ್ಜಿಯ ಮನೆಯೋ, ಚಿಕ್ಕಮ್ಮನ ಮನೆಯೋ, ಹಾಸ್ಟೆಲೋ, ಎಲ್ಲಿ ಇರುತ್ತೀರಿ ಎಂದು ಒಂದು ಕಾಗದದಲ್ಲಿ ಬರೆಸಿಕೊಳ್ಳಿ. ಆಸ್ಪತ್ರೆಗೆ ಸೇರಿಸಬೇಕಾದರೆ, ಶಾಲೆಯಲ್ಲಿ ಸಹಿ ಬೇಕಾದರೆ ಯಾರು ಹಾಕುತ್ತಾರೆ ಎಂಬುದೂ ಅದರಲ್ಲಿರಲಿ. ಅಪ್ಪ ಅಮ್ಮನಿಗೂ ಒಂದು ಮಾತು: ಒಪ್ಪಿಗೆ ಕೊಟ್ಟು ಕಳಿಸಿದ ಮಾತ್ರಕ್ಕೆ ನಿಮ್ಮ ಹೊಣೆ ಕಳೆಯುವುದಿಲ್ಲ. ಮಗ ಬೇರೆ ಊರಲ್ಲಿದ್ದರೂ ಅವನ ಪಾಲನೆಯ ಖರ್ಚು ನಿಮ್ಮದೇ.

3. ಒಪ್ಪದಿದ್ದರೆ

ಮನೆ ಬಿಡುವುದೇ ಅಪರಾಧ ಅಂತ ಜಾಸ್ತಿ ಕಡೆ ಇಲ್ಲ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಇದೊಂದು ಬೇರೆ ಬಗೆಯ ತಪ್ಪು. ದೊಡ್ಡವರು ಮಾಡಿದರೆ ಯಾರೂ ಕೇಳುವುದಿಲ್ಲ, ಚಿಕ್ಕವರು ಮಾಡಿದರೆ ಪೊಲೀಸರು ಹಿಡಿದು ಮನೆಗೆ ಬಿಡಬಹುದು. ಭಾರತದಲ್ಲಿ ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ.

ನಿಜವಾದ ತೊಂದರೆ ಹೋದವರಿಗಲ್ಲ, ಇಟ್ಟುಕೊಂಡವರಿಗೆ. ಇದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ಗೆಳತಿಯ ಅಮ್ಮ ಪಾಪ ಅಂತ ನಾಲ್ಕು ದಿನ ಊಟ ಹಾಕಿ, ಮಲಗಲು ಜಾಗ ಕೊಡುತ್ತಾರೆ. ಐದನೇ ದಿನ ಅವರ ಮೇಲೇ ದೂರು ಬೀಳುತ್ತದೆ. 18 ತುಂಬದವರನ್ನು ಪಾಲಕರ ಒಪ್ಪಿಗೆಯಿಲ್ಲದೆ ಕರೆದೊಯ್ಯುವುದು, ಪುಸಲಾಯಿಸಿ ಕರೆಸಿಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 137ನೇ ಸೆಕ್ಷನ್ ಪ್ರಕಾರ ಅಪಹರಣ. 7 ವರ್ಷದವರೆಗೆ ಜೈಲು ಆಗಬಹುದು. ಮಗು ತಾನೇ ಬಂದಿತ್ತು ಎಂದರೆ? 1965ರ ವರದರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕರೆದೊಯ್ಯುವುದಕ್ಕೂ ತಾನಾಗಿ ಬಂದವಳ ಜೊತೆಗಿರುವುದಕ್ಕೂ ವ್ಯತ್ಯಾಸ ಇದೆ ಎಂದಿತು. ಒಳ್ಳೆಯ ತೀರ್ಪು. ಆದರೆ ಆ ವಾದ ಮಾಡುವುದು ಕೇಸು ಬಿದ್ದ ಮೇಲೆ ತಾನೇ?

ಹಾಗಾಗಿ ಮನೆಗೆ ಬಂದ ಮಗುವನ್ನು ಹೊರಗೆ ಹಾಕಬೇಡಿ, ಬಚ್ಚಿಡಲೂ ಬೇಡಿ. ಅವತ್ತೇ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಿ. ಪಾಲಕರಿಂದ ದೂರವಾದ ಮಗು ಸಿಕ್ಕರೆ 24 ಗಂಟೆಯೊಳಗೆ ತಿಳಿಸಬೇಕೆಂದು ಭಾರತದ 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ತಿಳಿಸದಿದ್ದರೆ ಅದೂ ಅಪರಾಧವೇ.

4. ಭಯ ಇರುವುದು ಮನೆಯಲ್ಲೇ ಆದರೆ

ಆಗ ಮೇಲೆ ಹೇಳಿದ್ದರ ಕ್ರಮವೇ ಬದಲಾಗುತ್ತದೆ. ಹೊಡೆತ, ಲೈಂಗಿಕ ಕಿರುಕುಳ, ಬಲವಂತದ ಮದುವೆ ಇದ್ದರೆ ಯಾರ ಒಪ್ಪಿಗೆಗೂ ಕಾಯಬೇಡಿ. ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ: ಭಾರತದಲ್ಲಿ 1098, ಬ್ರಿಟನ್ನಿನಲ್ಲಿ 0800 1111. ಎರಡಕ್ಕೂ ದುಡ್ಡಿಲ್ಲ, ಮಕ್ಕಳೇ ಕರೆ ಮಾಡಬಹುದು. ಇಂಗ್ಲೆಂಡಿನಲ್ಲಿ 16, 17ರ ವಯಸ್ಸಿನವರಿಗೆ ಮನೆ ಇಲ್ಲದಂತಾದರೆ ಸ್ಥಳೀಯ ಆಡಳಿತದ ಮಕ್ಕಳ ವಿಭಾಗವೇ ನೋಡಿಕೊಳ್ಳಬೇಕು, ವಸತಿ ವಿಭಾಗದ ಕಡೆಗೆ ಸಾಗಹಾಕುವಂತಿಲ್ಲ ಎಂದು 2009ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ ತೀರ್ಪು ಕೊಟ್ಟಿದೆ.

ಅಧಿಕಾರಿಗಳ ಮುಂದೆ “ಮನೆಯಲ್ಲಿ ಸ್ವಲ್ಪ ಸಮಸ್ಯೆ” ಎಂದು ಗೊಣಗಬೇಡಿ. ಹಾಗಂದರೆ ಬುದ್ಧಿ ಹೇಳಿ ವಾಪಸ್ ಕಳಿಸಿಬಿಡುವ ಸಾಧ್ಯತೆ ಜಾಸ್ತಿ. ಏನಾಯಿತು, ಯಾವಾಗ, ಯಾರು ಮಾಡಿದ್ದು ಎಂದು ಹೇಳಿ. “ವಾಪಸ್ ಹೋಗಲು ನನಗೆ ಭಯ” ಎಂಬ ಮಾತನ್ನು ಅವರ ದಾಖಲೆಯಲ್ಲಿ ಬರೆಸಿ. ಗಾಯದ ಫೋಟೋ, ಮೆಸೇಜುಗಳು, ವೈದ್ಯರ ಚೀಟಿ ಇದ್ದರೆ ನಂಬಿಕಸ್ಥರೊಬ್ಬರ ಹತ್ತಿರ ಇನ್ನೊಂದು ಪ್ರತಿ ಇರಲಿ. ಫೋನು ಮೊದಲು ಕಿತ್ತುಕೊಳ್ಳುವ ವಸ್ತು.

5. ಕೋರ್ಟಿಗೆ ಹೋಗಿ ಪಾಲಕರ ಹಿಡಿತದಿಂದ ಬಿಡುಗಡೆ ಪಡೆಯಬಹುದೇ?

ಕೆಲವು ಕಡೆ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ 14 ಆದವರು ತಾವೇ ಅರ್ಜಿ ಹಾಕಬಹುದು. ಆದರೆ ಆಗಲೇ ಬೇರೆಯಾಗಿದ್ದು, ತಮ್ಮ ಖರ್ಚು ತಾವೇ ನಿಭಾಯಿಸುತ್ತಿರಬೇಕು. ಫ್ರಾನ್ಸಿನಲ್ಲಿ 16ರಿಂದ ಅವಕಾಶ ಇದೆ, ಅರ್ಜಿ ಹಾಕಬೇಕಾದವರು ಮಾತ್ರ ಅಪ್ಪ ಅಮ್ಮ! ಇಂಗ್ಲೆಂಡ್, ಭಾರತಗಳಲ್ಲಿ ಈ ದಾರಿಯೇ ಇಲ್ಲ. ಮದುವೆಯಾದರೆ ಬಿಡುಗಡೆ ಸಿಗುವ ಜಾಗಗಳೂ ಇವೆ. ಒಂದು ಹಿಡಿತದಿಂದ ಬಿಡಿಸಿಕೊಳ್ಳಲು ಇನ್ನೊಂದಕ್ಕೆ ಕೊರಳೊಡ್ಡುವ ಈ ಉಪಾಯವನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

6. ಬಾಡಿಗೆ ಕರಾರು

ಚಿಕ್ಕವರ ಸಹಿಗೆ ಬೆಲೆ ಕಡಿಮೆ. ಭಾರತದಲ್ಲಿ ಅಪ್ರಾಪ್ತರು ಮಾಡಿದ ಒಪ್ಪಂದ ಅನೂರ್ಜಿತ ಎಂದು 1903ರಲ್ಲೇ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದಲ್ಲಿ ಭಾರತದ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ನ್ಯಾಯಪೀಠ) ಹೇಳಿತು. ಮನೆ ಮಾಲೀಕರು ಹಿಂದೇಟು ಹಾಕುವುದು ಸುಮ್ನೆ ಅಲ್ಲ. ದೊಡ್ಡವರೊಬ್ಬರ ಸಹಿ ಬೇಕೇ ಬೇಕಾಗುತ್ತದೆ.

7. ಕೆಲವೇ ತಿಂಗಳು ಬಾಕಿ ಇದ್ದರೆ

ಮನೆಯಲ್ಲಿ ಅಪಾಯ ಇಲ್ಲ, ಬರೀ ಜಗಳ ಅಷ್ಟೇ ಎಂದಾದರೆ ಈ ಸಮಯವನ್ನು ಕಾಗದಪತ್ರಕ್ಕೆ ಬಳಸಿ. ಜನನ ಪ್ರಮಾಣಪತ್ರ, ಗುರುತಿನ ಚೀಟಿ, ಅಂಕಪಟ್ಟಿ, ಬ್ಯಾಂಕ್ ಪುಸ್ತಕ ನಿಮ್ಮ ಕೈಯಲ್ಲಿರಲಿ. ಕೋರ್ಟು ಅರ್ಜಿ ಮುಟ್ಟುವ ಮೊದಲೇ ಹುಟ್ಟುಹಬ್ಬ ಬಂದರೂ ಬರಬಹುದು. ವಯಸ್ಕರಾಗುವುದು ಯಾವಾಗ ಎಂದು ಹೇಳುವ ಭಾರತದ 1875ರ ಕಾಯ್ದೆಯಲ್ಲಿ ಆ ದಿನದ ಲೆಕ್ಕವೂ ಇದೆ. 18ನೇ ಹುಟ್ಟುಹಬ್ಬದ ದಿನ ಶುರುವಾದ ಕ್ಷಣಕ್ಕೇ ನೀವು ವಯಸ್ಕರು. ಸಂಜೆ ಹುಟ್ಟಿದವರು ಸಂಜೆಯವರೆಗೆ ಕಾಯಬೇಕಿಲ್ಲ.