ಒಬ್ಬ ನಟಿ, ನಾಲ್ಕು ಸಿನಿಮಾ: ಹಳೆಯ ಹಾಲಿವುಡ್ ಬಗ್ಗೆ ಕೂತು ಮಾತಾಡೋದು ಹೇಗೆ

ಹಳೆಯ ಹಾಲಿವುಡ್ ಇಷ್ಟಪಡುವ ನಾಲ್ಕು ಜನ ಒಂದು ಕಡೆ ಸೇರಿದರೆ ಮಾತು ಬೇಗ ತಾರೆಯರ ಮನೆ ಹೊಕ್ಕುಬಿಡುತ್ತೆ. ಯಾರಿಗೆ ಎಷ್ಟು ಮದುವೆ, ಯಾರು ಯಾರ ಜೊತೆ ಜಗಳ ಆಡಿದರು, ಗ್ರೇಸ್ ಕೆಲ್ಲಿ ಚೆಂದವೋ ಇಂಗ್ರಿಡ್ ಬರ್ಗ್‌ಮನ್ ಚೆಂದವೋ. ಅರ್ಧ ಗಂಟೆಯಲ್ಲಿ ಎಲ್ಲರ ಸರಕೂ ಖಾಲಿ. ಆಗ ತಾನೇ ನೋಡಿದ ಸಿನಿಮಾದ ಬಗ್ಗೆ ಮಾತ್ರ ಯಾರೂ ಒಂದು ಮಾತೂ ಆಡಿರುವುದಿಲ್ಲ.

ಮೈಸೂರಿನ ನಮ್ಮ ಮನೆಯಲ್ಲಿ ಒಂದು ಸಣ್ಣ ಗುಂಪು ಸೇರುತ್ತೆ. ಬ್ಲೌಸ್ ಹೊಲಿಯುವ ನಮ್ಮ ಅತ್ತಿಗೆ, ಪಕ್ಕದ ಮನೆಯ ರಿಟೈರ್ಡ್ ಫಿಸಿಕ್ಸ್ ಮೇಷ್ಟ್ರು, ಇಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗಳು, ಮತ್ತೆ ಆಗಾಗ ಬಂದು ಹೋಗುವವರು. ನಾವು ಹಿಡಿದಿರುವ ದಾರಿ ಸರಳ. ಒಬ್ಬ ತಾರೆಯನ್ನು ಆರಿಸಿ, ಅವರ ನಾಲ್ಕು ಸಿನಿಮಾ ವರ್ಷದ ಕ್ರಮದಲ್ಲಿ ನೋಡಬೇಕು. ಪ್ರತಿ ಸಿನಿಮಾದಿಂದ ಒಂದೇ ದೃಶ್ಯ ತೆಗೆದುಕೊಂಡು, ಅದನ್ನು ಬಿಡಿಸಿ ಬಿಡಿಸಿ ಮಾತಾಡಬೇಕು. ನಿಮ್ಮ ಮನೆಯಲ್ಲೂ ಶುರು ಮಾಡುವುದಾದರೆ ಮೊದಲ ಹೆಸರು ಬಾರ್ಬರಾ ಸ್ಟಾನ್ವಿಕ್ ಇರಲಿ ಅಂತ ನನ್ನ ಆಸೆ.

ಅವರೇ ಯಾಕೆ? ಆ ಕಾಲದಲ್ಲಿ ಹೆಚ್ಚಿನ ತಾರೆಯರು ಒಂದೇ ಸ್ಟುಡಿಯೋಗೆ ಏಳು ವರ್ಷದ ಕರಾರಿನಲ್ಲಿ ಕಟ್ಟುಬಿದ್ದಿದ್ದರು. ಕೊಟ್ಟ ಪಾತ್ರ ಬೇಡ ಅಂದರೆ ಸಸ್ಪೆಂಡ್. ಸಸ್ಪೆಂಡ್ ಆದ ದಿನಗಳನ್ನೂ ಕರಾರಿನ ಕೊನೆಗೆ ಸೇರಿಸುತ್ತಿದ್ದರು. ಇದರ ವಿರುದ್ಧ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ವಾರ್ನರ್ ಬ್ರದರ್ಸ್ ಮೇಲೆ ಕೇಸು ಹಾಕಿ, 1944ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟಿನಲ್ಲಿ ಗೆದ್ದರು. ಸ್ಟಾನ್ವಿಕ್ ಮಾತ್ರ ಅದಕ್ಕೂ ಎಷ್ಟೋ ಮೊದಲೇ ಒಂದೇ ಸ್ಟುಡಿಯೋಗೆ ಅಂಟಿಕೊಳ್ಳದೆ ಕೆಲಸ ಮಾಡಿದವರು. ಹಾಗಾಗಿ ಅವರ ನಾಲ್ಕು ಸಿನಿಮಾ ನೋಡಿದರೆ ನಾಲ್ಕು ಬೇರೆ ಬೇರೆ ಹಾಲಿವುಡ್ ನೋಡಿದ ಹಾಗೆ. ಬ್ರೂಕ್ಲಿನ್‌ನಲ್ಲಿ 1907ರಲ್ಲಿ ರೂಬಿ ಸ್ಟೀವನ್ಸ್ ಅನ್ನೋ ಹೆಸರಿನಲ್ಲಿ ಹುಟ್ಟಿದವರು. ಆಸ್ಕರ್‌ಗೆ ನಾಲ್ಕು ಸಲ ಹೆಸರು ಹೋಯಿತು, ಒಂದು ಸಲವೂ ಬರಲಿಲ್ಲ. 1982ರಲ್ಲಿ ಗೌರವ ಆಸ್ಕರ್ ಕೊಟ್ಟರು. ನನ್ನ ಪ್ರಕಾರ ಆ ಕಾಲದ ನಟಿಯರಲ್ಲಿ ಅವರಷ್ಟು ಸುಳ್ಳಿಲ್ಲದೆ ನಟಿಸಿದವರು ಇನ್ನೊಬ್ಬರಿಲ್ಲ.

ಸಿನಿಮಾ ಹಾಕುವ ಮುಂಚೆ ಟಿವಿಯನ್ನು ಸರಿ ಮಾಡಿಕೊಳ್ಳಿ. 1953ರಲ್ಲಿ ಸಿನಿಮಾಸ್ಕೋಪ್ ಅನ್ನೋ ಅಗಲ ಪರದೆಯ ಪದ್ಧತಿ ಬರುವ ತನಕ ಹಾಲಿವುಡ್ ಚಿತ್ರಗಳು ಹೆಚ್ಚುಕಮ್ಮಿ ಚೌಕವಾಗಿದ್ದವು. ಎತ್ತರ ಒಂದಾದರೆ ಅಗಲ 1.37. ಪರದೆಯ ಎರಡೂ ಬದಿ ಕಪ್ಪು ಪಟ್ಟಿ ಬಂದರೆ ಅದೇ ಸರಿ. ಪರದೆ ತುಂಬಲಿ ಅಂತ ಜೂಮ್ ಮಾಡಿದರೆ ತಲೆ, ಕಾಲು ಎರಡೂ ಕತ್ತರಿಸಿ ಹೋಗುತ್ತೆ. ಎಳೆದು ಅಗಲ ಮಾಡಿದರೆ ಎಲ್ಲರೂ ಗುಂಡಗಾಗುತ್ತಾರೆ. ಟಿವಿ ಸೆಟ್ಟಿಂಗ್ಸ್‌ನಲ್ಲಿ ಮೋಷನ್ ಸ್ಮೂದಿಂಗ್ ಅಂತ ಇರುತ್ತೆ, ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿರುತ್ತೆ. ಅದನ್ನು ಆಫ್ ಮಾಡಿ. ಇಲ್ಲದಿದ್ದರೆ 1940ರ ಸಿನಿಮಾ ಇವತ್ತಿನ ಧಾರಾವಾಹಿ ಥರ ಕಾಣುತ್ತೆ. ಆಮೇಲೆ ಬಣ್ಣ ಹಚ್ಚಿದ ಪ್ರತಿ ಬೇಡವೇ ಬೇಡ. ಕಪ್ಪು ಬಿಳುಪಿಗೆ ಅಂತಲೇ ಲೈಟ್ ಇಟ್ಟವರ ಕೆಲಸ ಅದರಲ್ಲಿ ಪೂರ್ತಿ ಮುಚ್ಚಿಹೋಗುತ್ತೆ. ಸಬ್‌ಟೈಟಲ್ ಇರಲಿ. ಆಗಿನ ನಟರು ಮಾತನ್ನು ಬಾಣದ ಹಾಗೆ ಬಿಡುತ್ತಾರೆ.

ಈಗ ನಾಲ್ಕು ಸಿನಿಮಾಗಳಿಗೆ ಬರೋಣ.

ಮೊದಲನೆಯದು 'ಬೇಬಿ ಫೇಸ್', 1933. ಒಂದೂಕಾಲು ಗಂಟೆಯ ಚಿತ್ರ. ಅಪ್ಪನ ಕಳ್ಳ ಹೆಂಡದಂಗಡಿಯಲ್ಲಿ ಬೆಳೆದ ಲಿಲಿ ನ್ಯೂಯಾರ್ಕ್‌ಗೆ ಬಂದು, ಒಂದು ಬ್ಯಾಂಕಿನಲ್ಲಿ ಗಂಡಸರನ್ನು ಬಳಸಿಕೊಂಡು ಮೇಲಕ್ಕೆ ಹೋಗುತ್ತಾಳೆ. ಅವಳು ಒಂದೊಂದು ಹೆಜ್ಜೆ ಏರಿದಾಗಲೂ ಕ್ಯಾಮೆರಾ ಕಟ್ಟಡದ ಹೊರಗಿನಿಂದ ಒಂದೊಂದು ಮಹಡಿ ಏರುತ್ತೆ. ನೀವು ಚರ್ಚೆಗೆ ತೆಗೆದುಕೊಳ್ಳಬೇಕಾದ ದೃಶ್ಯ ಶುರುವಿನಲ್ಲೇ ಇದೆ. ಚಪ್ಪಲಿ ಹೊಲಿಯುವ ಒಬ್ಬ ಮುದುಕ ಅವಳಿಗೆ ಜರ್ಮನ್ ತತ್ವಜ್ಞಾನಿ ನೀತ್ಸೆಯ ಪುಸ್ತಕ ಹಿಡಿದು ಬುದ್ಧಿ ಹೇಳುತ್ತಾನೆ. ಗಂಡಸರನ್ನು ಬಳಸಿಕೋ, ಬೇಕಾದ್ದು ದಕ್ಕಿಸಿಕೋ ಅನ್ನುತ್ತಾನೆ. ನ್ಯೂಯಾರ್ಕಿನ ಸೆನ್ಸಾರ್‌ನವರು ಒಪ್ಪದೆ, ಬಿಡುಗಡೆಯಾದ ಪ್ರತಿಯಲ್ಲಿ ಆ ಮಾತನ್ನೇ ಬದಲಾಯಿಸಿದರು. ಸರಿ ದಾರಿ ಹಿಡಿ ಅಂತ ಅದೇ ಮುದುಕನ ಬಾಯಲ್ಲಿ ಹೇಳಿಸಿದರು. ಕತ್ತರಿ ಬೀಳದ ಪ್ರತಿ 2004ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿತು. ಸಾಧ್ಯವಾದರೆ ಎರಡೂ ಪ್ರತಿಗಳಲ್ಲಿ ಈ ಒಂದು ದೃಶ್ಯವನ್ನು ಹಿಂದೆ ಮುಂದೆ ಹಾಕಿ ನೋಡಿ. ಒಂದು ಮಾತು ಬದಲಾದರೆ ಇಡೀ ಪಾತ್ರ ಹೇಗೆ ಬದಲಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ.

ಈ ಚಿತ್ರ ಮುಗಿದ ಮೇಲೆ ಪ್ರೊಡಕ್ಷನ್ ಕೋಡ್ ಬಗ್ಗೆ, ಅಂದರೆ ಪರದೆ ಮೇಲೆ ಏನು ತೋರಿಸಬಹುದು, ಏನು ತೋರಿಸಬಾರದು ಅನ್ನೋ ಹಾಲಿವುಡ್‌ನ ನಿಯಮಗಳ ಬಗ್ಗೆ, ಎರಡು ಮಾತು ಹೇಳಿಬಿಡಿ. ಕೋಡ್ 1930ರಲ್ಲೇ ಬರೆದಿಟ್ಟಿದ್ದರು, ಆದರೆ ಯಾರೂ ಅಷ್ಟಾಗಿ ಲೆಕ್ಕಕ್ಕೆ ಇಟ್ಟಿರಲಿಲ್ಲ. 1934ರ ಜುಲೈನಿಂದ, ಅದನ್ನು ಜಾರಿ ಮಾಡುವ ಕಚೇರಿಯ ಮುಖ್ಯಸ್ಥ ಜೋಸೆಫ್ ಬ್ರೀನ್ ಕೈಯಲ್ಲಿ ಅದು ಬಿಗಿಯಾಯಿತು. ಅವರ ಮುದ್ರೆ ಇಲ್ಲದೆ ದೊಡ್ಡ ಸ್ಟುಡಿಯೋಗಳ ಸಿನಿಮಾ ಹೊರಗೆ ಬರುವ ಹಾಗಿರಲಿಲ್ಲ. ಬರಬರುತ್ತಾ ಸಡಿಲವಾದರೂ, 1968ರಲ್ಲಿ ವಯಸ್ಸಿಗೆ ತಕ್ಕ ರೇಟಿಂಗ್ ಪದ್ಧತಿ ಬರುವ ತನಕ ಕೋಡ್ ಉಳಿದಿತ್ತು. ಉಳಿದ ಮೂರು ಸಿನಿಮಾ ನೋಡುವಾಗ ಇದು ತಲೆಯಲ್ಲಿರಬೇಕು. ಅಲ್ಲಿ ಎಲ್ಲರೂ ಒಂದನ್ನು ಹೇಳಿ ಇನ್ನೊಂದನ್ನು ತೋರಿಸುತ್ತಿರುತ್ತಾರೆ.

ಎರಡನೆಯದು 'ಸ್ಟೆಲ್ಲಾ ಡಾಲಸ್', 1937, ಕಿಂಗ್ ವಿಡೋರ್ ನಿರ್ದೇಶನ. ಮಗಳ ಒಳ್ಳೆಯದಕ್ಕಾಗಿ ಅವಳನ್ನೇ ದೂರ ಮಾಡಿಕೊಳ್ಳುವ ತಾಯಿಯ ಕತೆ. ಕೊನೆಯ ದೃಶ್ಯ ಆರಿಸಿ. ಒಳಗೆ ಮಗಳ ಮದುವೆ, ಹೊರಗೆ ಮಳೆಯಲ್ಲಿ ಕಿಟಕಿಯಿಂದ ನೋಡುತ್ತಿರುವ ತಾಯಿ. ಪೊಲೀಸಿನವನು ಮುಂದೆ ನಡಿ ಅನ್ನುತ್ತಾನೆ. ಮಾತು ಕಮ್ಮಿ. ಇಲ್ಲಿ ಒಂದು ಎಚ್ಚರಿಕೆ: ಅಳುವವರು ಅಳಲಿ, ತಕ್ಷಣ ಚರ್ಚೆ ಶುರು ಮಾಡಬೇಡಿ. ಕಾಫಿ ಕುಡಿದು ಆಮೇಲೆ ಕೇಳಿ, ಆ ತಾಯಿಯ ಕೈ ಏನು ಮಾಡುತ್ತಿತ್ತು? ಬಾಯಲ್ಲಿ ಕರ್ಚೀಫ್ ಕಚ್ಚಿಕೊಂಡಿದ್ದು ಯಾರಿಗೆ ಕಾಣಿಸಿತು? ಕೊನೆಗೆ ಕ್ಯಾಮೆರಾ ಕಡೆ ನಡೆದು ಬರುವಾಗ ಮುಖದಲ್ಲಿ ಇದ್ದಿದ್ದು ದುಃಖವೋ ಗೆಲುವೋ? ನಮ್ಮ ಮನೆಯಲ್ಲಿ ಇದಕ್ಕೆ ಇವತ್ತಿಗೂ ಒಮ್ಮತ ಇಲ್ಲ. ಮೇಷ್ಟ್ರು ಗೆಲುವು ಅನ್ನುತ್ತಾರೆ. "ಹೋಗಿ ಮೇಷ್ಟ್ರೇ, ನೀವು ಹೆಣ್ಣು ಮಗುವಿಗೆ ಮದುವೆ ಮಾಡಿಲ್ಲ" ಅಂತ ಅತ್ತಿಗೆ ಬಾಯಿ ಮುಚ್ಚಿಸುತ್ತಾರೆ.

ಮೂರನೆಯದು 'ದಿ ಲೇಡಿ ಈವ್', 1941, ಪ್ರೆಸ್ಟನ್ ಸ್ಟರ್ಜಸ್ ಬರೆದು ನಿರ್ದೇಶಿಸಿದ್ದು. ನನಗೆ ಪ್ರಾಣ. ಸ್ಟಾನ್ವಿಕ್ ಇಸ್ಪೀಟಿನಲ್ಲಿ ಮೋಸ ಮಾಡುವವಳು, ಹೆನ್ರಿ ಫೊಂಡಾ ಹಾವುಗಳ ಹಿಂದೆ ಬಿದ್ದಿರುವ ಪೆದ್ದು ಶ್ರೀಮಂತ. ಹಡಗಿನ ಊಟದ ಹಾಲ್ ದೃಶ್ಯ ತೆಗೆದುಕೊಳ್ಳಿ. ಇವಳು ಅವನಿಗೆ ಬೆನ್ನು ಹಾಕಿ ಕೂತಿದ್ದಾಳೆ. ಪುಟ್ಟ ಮೇಕಪ್ ಕನ್ನಡಿಯಲ್ಲಿ ಇಡೀ ಹಾಲ್ ನೋಡುತ್ತಾ, ಯಾವ ಹುಡುಗಿ ಅವನನ್ನು ಸೆಳೆಯಲು ಏನೇನು ಮಾಡುತ್ತಿದ್ದಾಳೆ ಅಂತ ಕಾಮೆಂಟರಿ ಹೇಳುತ್ತಾಳೆ. ಕೊನೆಗೆ ಅವನು ಪಕ್ಕದಲ್ಲಿ ಹೋಗುವಾಗ ಕಾಲು ಅಡ್ಡ ಕೊಡುತ್ತಾಳೆ. ಅವನು ದೊಪ್ಪನೆ ಬೀಳುತ್ತಾನೆ. ಕನ್ನಡಿಯೊಳಗಿನ ಚೌಕಟ್ಟು ಅವಳದ್ದು, ಅಂದರೆ ಆ ಕ್ಷಣ ಸಿನಿಮಾದ ನಿರ್ದೇಶಕಿ ಅವಳೇ.

ಒಂದು ದೃಶ್ಯವನ್ನು ಮೂರು ಸಲ ನೋಡುವ ಅಭ್ಯಾಸ ಇಲ್ಲಿಂದ ಶುರು ಮಾಡಿ. ಮೊದಲು ಸುಮ್ನೆ ನೋಡಿ. ಎರಡನೇ ಸಲ ಮ್ಯೂಟ್ ಮಾಡಿ. ಮೂರನೇ ಸಲ ಟಿವಿಗೆ ಬೆನ್ನು ಹಾಕಿ, ಬರೀ ಕೇಳಿ. ಮ್ಯೂಟ್ ಮಾಡಿದಾಗ ಕೈ, ಕಣ್ಣು, ಬೆಳಕು, ಬಟ್ಟೆ ಎದ್ದು ಕಾಣುತ್ತೆ. ನಮ್ಮ ಅತ್ತಿಗೆ ಅವತ್ತು ಮ್ಯೂಟ್‌ನಲ್ಲೇ ಹೇಳಿದ್ದು: "ಇವಳ ಸೊಂಟ ಸ್ವಲ್ಪ ಕೆಳಗಿದೆ ಕಣೇ, ಟೈಲರ್ ಅದನ್ನು ಮೇಲಕ್ಕೆ ಎತ್ತಿ ತೋರಿಸಿದ್ದಾಳೆ." ನಿಜ ಕೂಡ ಅದೇ. ವಸ್ತ್ರ ವಿನ್ಯಾಸ ಎಡಿತ್ ಹೆಡ್ ಅವರದ್ದು. ಸ್ಟಾನ್ವಿಕ್ ಮೈಕಟ್ಟಿಗೆ ತಕ್ಕಂತೆ ಸೊಂಟಪಟ್ಟಿಯನ್ನು ಮುಂದೆ ಅಗಲ, ಹಿಂದೆ ಕಿರಿದು ಮಾಡಿ ಹೊಲಿಸಿದರು. ಹಾಲಿವುಡ್ ಬಗ್ಗೆ ಏನೂ ಓದದ ಅತ್ತಿಗೆ ಅದನ್ನು ಹತ್ತು ಅಡಿ ದೂರದಿಂದ ಹಿಡಿದರು. ಗುಂಪಿಗೆ ಬೇರೆ ಬೇರೆ ಕಸುಬಿನವರು ಬರಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಸಿನಿಮಾ ಹುಚ್ಚಿನವರೇ ತುಂಬಿದ್ದರೆ ಎಲ್ಲರೂ ಓದಿದ್ದನ್ನೇ ಒಪ್ಪಿಸುತ್ತಾರೆ.

ನಾಲ್ಕನೆಯದು 'ಡಬಲ್ ಇಂಡೆಮ್ನಿಟಿ', 1944. ಬಿಲ್ಲಿ ವೈಲ್ಡರ್ ನಿರ್ದೇಶನ, ಚಿತ್ರಕತೆ ವೈಲ್ಡರ್ ಮತ್ತು ರೇಮಂಡ್ ಚಾಂಡ್ಲರ್. ವಿಮೆ ಹಣಕ್ಕಾಗಿ ಗಂಡನನ್ನು ಕೊಲ್ಲಿಸುವ ಹೆಂಡತಿ. ಇಲ್ಲಿ ಚರ್ಚೆಗೆ ಎಷ್ಟು ದೃಶ್ಯ ಬೇಕಾದರೂ ಇವೆ, ಆದರೂ ಒಂದೇ ಅಂದರೆ ಕಾರಿನದ್ದು. ಪಕ್ಕದ ಸೀಟಿನಲ್ಲಿ ಗಂಡನ ಕೊಲೆ ನಡೆಯುತ್ತಿದೆ. ಕ್ಯಾಮೆರಾ ಅದನ್ನು ತೋರಿಸುವುದಿಲ್ಲ. ಸ್ಟೀರಿಂಗ್ ಹಿಡಿದ ಸ್ಟಾನ್ವಿಕ್ ಮುಖದ ಮೇಲೆ ನಿಂತುಬಿಡುತ್ತೆ. ಕೋಡ್ ಇದ್ದಿದ್ದರಿಂದ ಕೊಲೆಯನ್ನು ಬಿಡಿಸಿ ತೋರಿಸುವ ಹಾಗಿರಲಿಲ್ಲ ಅನ್ನಿ. ಆದರೆ ಆ ಮುಖ ನೋಡಿದ ಮೇಲೆ ಕೊಲೆ ನೋಡಬೇಕು ಅಂತ ಯಾರಿಗೂ ಅನಿಸುವುದಿಲ್ಲ. ಆ ಮುಖದಲ್ಲಿ ಏನು ಕಂಡಿತು ಅಂತ ಒಬ್ಬೊಬ್ಬರೂ ಒಂದೊಂದು ವಾಕ್ಯ ಬರೆದು, ಆಮೇಲೆ ಓದಲಿ. ಮೊದಲೇ ಮಾತಾಡಿದರೆ ಒಬ್ಬರು ಹೇಳಿದ್ದನ್ನೇ ಎಲ್ಲರೂ ಹೇಳುತ್ತಾರೆ.

ಸಮಯ ಇದ್ದರೆ ಇದೇ ಚಿತ್ರದಲ್ಲಿ ಇನ್ನೆರಡು ಹುಡುಕಾಟ ಇಡಬಹುದು. ನಾಯಕನ ಫ್ಲಾಟ್ ಬಾಗಿಲು ಒಳಗಡೆಗೆ ಅಲ್ಲ, ಹೊರಗಡೆ ಕಾರಿಡಾರಿನ ಕಡೆಗೆ ತೆರೆದುಕೊಳ್ಳುತ್ತೆ. ನಿಜವಾದ ಫ್ಲಾಟ್‌ಗಳಲ್ಲಿ ಹಾಗಿರುವುದಿಲ್ಲ ಅಲ್ವಾ? ಅವಳು ಬಾಗಿಲ ಹಿಂದೆ ಅಡಗಿ ನಿಲ್ಲಬೇಕು ಅಂತಲೇ ಹಾಗೆ ಮಾಡಿದ್ದು. ನಮ್ಮ ಮೇಷ್ಟ್ರು ಇದನ್ನು ಒಂದೇ ಸಲಕ್ಕೆ ಕಂಡುಹಿಡಿದರು. ಇನ್ನೊಂದು, ಯಾರ ಸಿಗಾರಿಗೆ ಯಾರು ಕಡ್ಡಿ ಗೀರಿ ಕೊಡುತ್ತಾರೆ ಅಂತ ಶುರುವಿನಿಂದ ನೋಡುತ್ತಾ ಬನ್ನಿ. ನಾಯಕ ಫ್ರೆಡ್ ಮ್ಯಾಕ್‌ಮರ್ರಿ ಪ್ರತಿ ಸಲ ಅದೇ ವಿಮೆ ಕಂಪನಿಯ ಸಹೋದ್ಯೋಗಿಯಾದ ಎಡ್ವರ್ಡ್ ಜಿ. ರಾಬಿನ್ಸನ್‌ಗೆ ಹಚ್ಚಿಕೊಡುತ್ತಾರೆ. ಕೊನೆಯಲ್ಲಿ ಅದು ತಿರುಗುತ್ತೆ. ಇಡೀ ಚಿತ್ರದ ನಿಜವಾದ ಪ್ರೀತಿ ಆ ಇಬ್ಬರ ನಡುವಿನದ್ದು ಅಂತ ನನ್ನ ವಾದ. ಅಣ್ಣನ ಮಗಳು ಒಪ್ಪುವುದಿಲ್ಲ, ಇರಲಿ.

ಮಾತು ನಡೆಸುವ ಬಗ್ಗೆ ಹೇಳಬೇಕಾದ್ದು ಕಮ್ಮಿ. "ಹೇಗಿತ್ತು?" ಅಂತ ಕೇಳಬೇಡಿ. "ಚೆನ್ನಾಗಿತ್ತು" ಅಂತ ಉತ್ತರ ಬರುತ್ತೆ, ಅಲ್ಲಿಗೆ ಮುಗೀತು. ಯಾವ ಶಾಟ್ ಕಣ್ಣಲ್ಲಿ ಉಳೀತು ಅಂತ ಕೇಳಿ. ಮೊದಲು ಎಲ್ಲರಿಗಿಂತ ಚಿಕ್ಕವರು ಮಾತಾಡಲಿ. ಜಾಸ್ತಿ ಗೊತ್ತಿರುವವರು ಕೊನೆಯಲ್ಲಿ ಮಾತಾಡಲಿ.

ತಾರೆಯರ ಸ್ವಂತ ಬದುಕಿನ ಮಾತು ಬರುವುದೇ ಬೇಡ ಅಂತ ನಾನು ಹೇಳುವುದಿಲ್ಲ. ದೃಶ್ಯದ ಮಾತು ಮುಗಿದ ಮೇಲೆ ಬರಲಿ, ಮತ್ತು ಎಲ್ಲಿಂದ ಬಂದ ಸುದ್ದಿ ಅಂತ ಕೇಳುವ ರೂಢಿ ಇರಲಿ. 'ಫೋಟೋಪ್ಲೇ' ಥರದ ಆ ಕಾಲದ ಅಭಿಮಾನಿ ಪತ್ರಿಕೆಗಳ ಪುಟಗಳು ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ ಅನ್ನೋ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಓದೋಕೆ ತುಂಬಾ ಖುಷಿ. ಆದರೆ ಅದರಲ್ಲಿ ಎಷ್ಟೋ ಭಾಗ ಸ್ಟುಡಿಯೋಗಳ ಪ್ರಚಾರ ವಿಭಾಗ ಹೆಣೆದ ಕತೆ. ನಟಿ ಮರ್ಲ್ ಓಬೆರಾನ್ ಅವರನ್ನೇ ನೋಡಿ. ಹುಟ್ಟಿದ್ದು ಬಾಂಬೆಯಲ್ಲಿ, ಬೆಳೆದಿದ್ದು ಕಲ್ಕತ್ತಾದಲ್ಲಿ. ಜಗತ್ತಿಗೆ ಹೇಳಿದ್ದು ಟ್ಯಾಸ್ಮೇನಿಯಾ ಅಂತ. ಭಾರತದ ರಕ್ತ ಇದೆ ಅಂತ ಗೊತ್ತಾದರೆ ನಾಯಕಿಯ ಪಾತ್ರ ಸಿಗುವುದಿಲ್ಲ ಅನ್ನೋ ಭಯಕ್ಕೆ ಬದುಕಿಡೀ ಮುಚ್ಚಿಟ್ಟರು. ನಮ್ಮ ಕಾರಾಪುರದ ಮಾವುತನ ಮಗ ಸಾಬು ಹಾಲಿವುಡ್‌ಗೆ ಹೋಗಿ ಅಮೆರಿಕದ ಪ್ರಜೆಯಾಗಿ, ಯುದ್ಧವಿಮಾನದಲ್ಲಿ ಗನ್ನರ್ ಆಗಿಯೂ ಕೆಲಸ ಮಾಡಿದರು. ಅವರಿಗೆ ಹುಟ್ಟು ಮುಚ್ಚಿಡುವ ಪ್ರಶ್ನೆ ಬರಲಿಲ್ಲ, ಆದರೆ ಕಾಡಿನ ಹುಡುಗನ ಪಾತ್ರದಿಂದ ಹೊರಗೆ ಬರಲು ಬಿಡಲೂ ಇಲ್ಲ. 39ನೇ ವಯಸ್ಸಿಗೇ ತೀರಿಕೊಂಡರು. ಇಂಥ ವಿಷಯ ಬಂದರೆ ಖಂಡಿತ ಮಾತಾಡಿ. ಪರದೆ ಮೇಲೆ ಯಾರಿಗೆ ಯಾವ ಜಾಗ ಸಿಗುತ್ತಿತ್ತು ಅನ್ನೋದಕ್ಕೂ ಇದಕ್ಕೂ ನೇರ ಸಂಬಂಧ ಇದೆ.

ಹಾಗೇ ಪ್ರತಿ ಚಿತ್ರದಲ್ಲೂ ಕಪ್ಪು ನಟರು ಎಲ್ಲಿ ನಿಂತಿದ್ದಾರೆ ನೋಡಿ. 'ಬೇಬಿ ಫೇಸ್'ನಲ್ಲಿ ಥೆರೆಸಾ ಹ್ಯಾರಿಸ್ ನಾಯಕಿಯ ಗೆಳತಿ. ಅದು ಆ ಕಾಲಕ್ಕೆ ಬಹಳ ಅಪರೂಪ. ಹ್ಯಾಟಿ ಮೆಕ್‌ಡ್ಯಾನಿಯಲ್ 1940ರ ಫೆಬ್ರವರಿ 29ರಂದು ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ. ಅವತ್ತು ರಾತ್ರಿ ಸಮಾರಂಭ ನಡೆದ ಹೋಟೆಲಿನಲ್ಲಿ ಅವರನ್ನು ಕೂರಿಸಿದ್ದು ಬೇರೆ ಟೇಬಲ್‌ನಲ್ಲಿ. ಇದನ್ನು ಬಿಟ್ಟು ಹಳೆಯ ಹಾಲಿವುಡ್ ಚೆಂದದ ಬಗ್ಗೆ ಮಾತ್ರ ಮಾತಾಡಿದರೆ ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ಸಿನಿಮಾ ಎಲ್ಲಿ ಸಿಗುತ್ತೆ ಅಂತ ಕೇಳುವವರಿಗೆ: ಕಾಪಿರೈಟ್ ನವೀಕರಿಸದೆ, ಅಮೆರಿಕದಲ್ಲಿ ಯಾರ ಹಕ್ಕೂ ಇಲ್ಲದೆ ಸಾರ್ವಜನಿಕ ಸ್ವತ್ತಾದ ಸ್ಟಾನ್ವಿಕ್ ಚಿತ್ರಗಳಿವೆ. 1941ರ 'ಮೀಟ್ ಜಾನ್ ಡೋ', 1946ರ 'ದಿ ಸ್ಟ್ರೇಂಜ್ ಲವ್ ಆಫ್ ಮಾರ್ತಾ ಐವರ್ಸ್', ಎರಡೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಇವೆ. ಎರಡನೆಯದು ಕಿರ್ಕ್ ಡಗ್ಲಸ್ ಅವರ ಮೊದಲ ಸಿನಿಮಾ. ಪ್ರತಿಗಳ ಗುಣಮಟ್ಟ ಒಂದೇ ಥರ ಇರುವುದಿಲ್ಲ, ಐದು ನಿಮಿಷ ಓಡಿಸಿ ನೋಡಿ ಆರಿಸಿಕೊಳ್ಳಿ. ಮೇಲಿನ ನಾಲ್ಕರಲ್ಲಿ ಯಾವುದಾದರೂ ಸಿಗದಿದ್ದರೆ ಇವುಗಳಲ್ಲಿ ಒಂದನ್ನು ಆ ಜಾಗಕ್ಕೆ ಹಾಕಬಹುದು.

ಸ್ಟಾನ್ವಿಕ್ ಮುಗಿದ ಮೇಲೆ ಮುಂದಿನ ತಾರೆಯನ್ನು ಈಗಾಗಲೇ ನೋಡಿದ ಚಿತ್ರದಿಂದಲೇ ಎತ್ತಿಕೊಳ್ಳಿ. ನಾವು 'ದಿ ಲೇಡಿ ಈವ್'ನಿಂದ ಹೆನ್ರಿ ಫೊಂಡಾ ಅವರನ್ನು ಹಿಡಿದೆವು. 1939ರ 'ಯಂಗ್ ಮಿಸ್ಟರ್ ಲಿಂಕನ್', 1940ರ 'ದಿ ಗ್ರೇಪ್ಸ್ ಆಫ್ ರಾತ್', 1943ರ 'ದಿ ಆಕ್ಸ್-ಬೋ ಇನ್ಸಿಡೆಂಟ್', ಕೊನೆಗೆ 1957ರ '12 ಆಂಗ್ರಿ ಮೆನ್'. ಈ ಕೊನೆಯದನ್ನು ನೋಡುವಾಗ ಒಬ್ಬರಿಗೆ ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ ಅಂತ ಬರೆದುಕೊಳ್ಳುವ ಕೆಲಸ ಕೊಡಿ. ನಿರ್ದೇಶಕ ಸಿಡ್ನಿ ಲುಮೆಟ್ ಶುರುವಿನಲ್ಲಿ ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದ ತೆಗೆದಿದ್ದಾರೆ, ನಡುವೆ ಕಣ್ಣಿನ ಮಟ್ಟದಲ್ಲಿ, ಕೊನೆಗೆ ಕೆಳಗಿನಿಂದ. ಲೆನ್ಸ್ ಕೂಡ ಬದಲಾಗುತ್ತಾ ಗೋಡೆಗಳು ಹತ್ತಿರ ಬಂದ ಹಾಗೆ ಕಾಣುತ್ತೆ. ಇದನ್ನು ಮೊದಲೇ ಹೇಳಿಬಿಡಬೇಡಿ. ಬರೆದುಕೊಂಡವರೇ ಎದ್ದು ಹೇಳಲಿ.